ಹೀಟರ್ ಪ್ಲಗ್ಗೂ ಮಾವನವರ ಬಲಗೈಯೂ

ನಮ್ಮ ಮಾವನವರ ಬಲಗೈ ಸದಾ ಮುಷ್ಟಿ ಹಿಡಿದೇ ಇರುತ್ತಿತ್ತು. ಲಕ್ವಾ ಹೊಡೆದ ಮೇಲೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಗಟ್ಟಿಯಾಗಿದ್ದವು. ಉಗುರು ಅಂಗೈಗೆ ನಾಟಬಾರದೆಂದು ದಿನಾ ಸ್ನಾನವಾದ ಮೇಲೆ ಮೆತ್ತನೆಯ ಬಟ್ಟೆಯ ಸುರುಳಿಯೊಂದನ್ನು ಆ ಮುಷ್ಟಿಯೊಳಗೆ ಸೇರಿಸುವುದು ನನ್ನ ಕೆಲಸ. ಅವರಿಗೆ ನೋವಾಗುತ್ತಿತ್ತು. ಆದರೂ "ಯವ್ವಾ, ಈ ಕೈ ಹಿಡದದ್ದನ್ನ ಬಿಡೂದಿಲ್ಲ, ಮದಲಿಂದೂ ಹಂಗ" ಎಂದು ನಗುತ್ತಿದ್ದರು.

ಆ ಕೈ ಹಿಡಿದದ್ದು ಹಿಡಕಲ್ ಡ್ಯಾಮಿನ ಆಫೀಸಿನ ಜೀಪಿನ ಸ್ಟೇರಿಂಗನ್ನು. ಕಾಲುವೆ ದಂಡೆಯ ಕೆಸರು, ಕಲ್ಲು, ಕಬ್ಬಿನ ಹೊಲದ ನಡುವಿನ ಗಾಡಿದಾರಿ ಎಲ್ಲ ಸುತ್ತಿದ ಮನುಷ್ಯ ಕಡೆಗೆ ಕೊಣ್ಣೂರಿನ ನಮ್ಮ ಮನೆಯ ಪಡಸಾಲೆಯ ಮಂಚಕ್ಕೆ ಬಂದು ನಿಂತಿದ್ದರು. ಅಲ್ಲಿಂದ ಕಿಟಕಿಯಲ್ಲಿ ಕಾಣುತ್ತಿದ್ದುದು ಅರ್ಧ ಅಂಗಳ, ಬೇವಿನ ಗಿಡದ ಬೊಡ್ಡೆ ಮತ್ತು ನಾನು ಓಡಿಸುತ್ತಿದ್ದ ಹಳೆಯ ಡೀಸೆಲ್ ಕಾರಿನ ಮೂತಿ.

ಆ ಕಾರು ನಮ್ಮ ಭಾವನದು, ಎಂದರೆ ನನ್ನ ಗಂಡನ ಅಣ್ಣನದು. ಅವರು ಹೊಸದು ತಂದ ಮೇಲೆ ಹಳೆಯದನ್ನು ನನಗೆ ಓಡಿಸಲು ಬಿಟ್ಟಿದ್ದರು. ನಾನು ಹುಕ್ಕೇರಿಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಸಕ್ಕರೆ ಕಾಯಿಲೆಯವರು ಹೊಟ್ಟೆಗೆ ಏನೂ ಹಾಕದೆ ಬೆಳಿಗ್ಗೆಯೇ ಬಂದು ಕೂತಿರುತ್ತಾರೆ. ಬಸ್ಸು ನೆಚ್ಚಿಕೊಂಡರೆ ಅವರು ತಲೆ ತಿರುಗಿ ಬಿದ್ದ ಮೇಲೆ ನಾನು ತಲುಪಬೇಕು. ಗಂಡ ಸೈನ್ಯದಲ್ಲಿ, ಗಡಿಯಲ್ಲಿ. ಮನೆಯಲ್ಲಿ ಒಲೆ, ಭಾಂಡೆ, ಬಟ್ಟೆ, ಮತ್ತೆ ಒಲೆ. ಕಾರಿನ ಬಾಗಿಲು ಹಾಕಿಕೊಂಡಾಗ ಮಾತ್ರ ನನಗೆ ಸರಿಯಾಗಿ ಉಸಿರಾಡಿದ ಹಾಗೆ ಆಗುತ್ತಿತ್ತು.

ಭಾವ ಕೆಟ್ಟವರಲ್ಲ, ಆದರೆ ಹಳೆಯ ಪದ್ಧತಿಯವರು. ತಮ್ಮನ ಹೆಂಡತಿಯ ಜೊತೆ ಎದುರಿಗೆ ನಿಂತು ಮಾತಾಡುವವರೇ ಅಲ್ಲ. ನಾನು ಮಾರು ದೂರದಲ್ಲಿ ನಿಂತಿದ್ದರೂ "ಅಪ್ಪಾ, ಅಕೀಗೆ ಹೇಳು" ಎಂದು ಮಾವನ ಕಡೆ ನೋಡಿ ಹೇಳುತ್ತಿದ್ದರು. ನಾನೂ ಮಾವನಿಗೇ ಉತ್ತರ ಕೊಡಬೇಕು. ಮಾವ ನಡುವೆ ಕೂತು, "ಇಬ್ಬರಿಗೂ ಕಿವಿ ಅದಾವಲ್ಲೋ, ನಾ ಏನ್ ಟೆಲಿಫೋನ್ ಕಂಬಾನ?" ಎಂದು ಗೊಣಗುತ್ತಿದ್ದರು.

ಆ ವರ್ಷ ಚಳಿ ಬೀಳುತ್ತಲೇ ಕಾರು ಹಟ ಹಿಡಿಯಿತು. ಬೆಳಿಗ್ಗೆ ಕೀಲಿ ತಿರುವಿದರೆ ಗರಗರ ಎಂದು ನರಳಿ, ಬಿಳಿ ಹೊಗೆ ಬಿಟ್ಟು ಸುಮ್ಮನಾಗುತ್ತಿತ್ತು. ಓಣಿಯವರು ನೂಕಿ ನೂಕಿ ಬೇಸತ್ತು, ನಾನು ಹೊರಬಿದ್ದದ್ದು ಕಂಡರೆ ಬಾಗಿಲು ಮುಂದೆ ಮಾಡಿಕೊಳ್ಳತೊಡಗಿದರು. ಲ್ಯಾಬಿನ ಮಾಲೀಕರು ಇನ್ನೊಂದು ಸಲ ತಡವಾದರೆ ಬರುವುದೇ ಬೇಡ ಎಂದರು. ಅದರ ಮೇಲೆ ಭಾವನ ತೀರ್ಪು ಬಂತು.

"ಅಪ್ಪಾ, ಅಕೀಗೆ ಹೇಳು. ರವಿವಾರ ಮುಂಜಾನಿ ಮೂಡಲಗಿಯಾಂವ ಒಬ್ಬ ಗಾಡಿ ನೋಡಾಕ ಬರ್ತಾನ. ಕೊಟ್ಟ ಬಿಡೂದು. ದಿನಾ ಮಂದಿ ಕಡಿಂದ ನೂಕಿಸ್ಕೊಂಡ ಹೋಗೂದು ಮರ್ಯಾದಿ ಅಲ್ಲ. ಇನ್ನ ಅಕಿ ಮನ್ಯಾಗ ಇರ್ಲಿ."

ಗಂಡನಿಗೆ ಫೋನು ಮಾಡಿದೆ. "ಅಣ್ಣ ಅಂದಂಗ ಕೇಳು, ಸುಮ್ನ ಜಗಳಾ ಬ್ಯಾಡ" ಎಂದು ಇಟ್ಟುಬಿಟ್ಟ. ಅಡುಗೆಮನೆಯ ಗೋಡೆಗೆ ಒರಗಿ ಅಳುತ್ತ ನಿಂತೆ. ಎಲ್ಲಿ ಕೈ ಚಾಚಿದರೂ ಗೋಡೆಯೇ ತಾಗುತ್ತಿತ್ತು.

ಮಾವ ಕರೆದರು. "ಮುಂಜಾನಿ ಅಷ್ಟ ಹಟಾ ಮಾಡ್ತೈತಿ, ಮಧ್ಯಾಹ್ನ ಒಂದ ಕೀಲೀಗೆ ಏಳತೈತಿ ಹೌದಿಲ್ಲೋ? ಅಂದ್ರ ಇಂಜಿನ್ ಚಲೋ ಐತಿ. ಹೀಟರ್ ಪ್ಲಗ್ ಹೋಗ್ಯಾವ." ಡೀಸೆಲ್ ಇಂಜಿನ್ನಿಗೆ ಕಿಡಿ ಇಲ್ಲ, ಕಾವು ಬೇಕು, ಚಳಿಯಲ್ಲಿ ಆ ಕಾವು ಕೊಡುವುದಕ್ಕೆ ಬೆರಳುದ್ದದ ಪ್ಲಗ್ಗುಗಳು ಒಳಗೆ ಕೆಂಪಗೆ ಕಾಯುತ್ತವೆ ಎಂದು ಅವರಿಂದಲೇ ತಿಳಿದೆ. ಮಾರುವ ಗಾಡಿಗೆ ಮೆಕ್ಯಾನಿಕ್ ಯಾಕೆ ಎಂದು ಭಾವ ಮೊದಲೇ ಅಂದಾಗಿತ್ತು. "ಮೆಕ್ಯಾನಿಕ್ ಯಾಕ ಬೇಕು? ನಿನ್ನ ಕೈ ಅದಾವ, ನನ್ನ ಬಾಯಿ ಐತಿ" ಎಂದರು ಮಾವ.

ಶುಕ್ರವಾರ ಲ್ಯಾಬಿಗೆ ರಜೆ ಹಾಕಿದೆ. ಭಾವ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋದ ಮೇಲೆ ಮಾವನನ್ನು ಕುರ್ಚಿಯಲ್ಲಿ ಹೊಸ್ತಿಲ ತನಕ ಎಳೆದು ಕೂರಿಸಿದೆ. ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿಯನ್ನು ಬಿಚ್ಚಿಸಿದರು. ಬ್ಯಾಟರಿಯಿಂದ ಒಂದು ಬಲ್ಬಿನ ಮೂಲಕ ವೈರು ತಂದು ಒಂದೊಂದೇ ಪ್ಲಗ್ಗಿನ ತಲೆಗೆ ತಾಗಿಸಬೇಕು. ಬಲ್ಬು ಹತ್ತಿದರೆ ಜೀವಂತ, ಹತ್ತದಿದ್ದರೆ ಸತ್ತಿದೆ. ಎರಡು ಸತ್ತಿದ್ದವು. ಒಂದು ಹೊಸ ಸೆಟ್ಟನ್ನು ಗೋಕಾಕದಿಂದ ಹಿಂದಿನ ದಿನವೇ ತಂದಿಟ್ಟಿದ್ದೆ.

ಇಂಜಿನ್ ಕಾಯಿಸಿ, ಬುಡಕ್ಕೆ ಎಣ್ಣೆ ಬಿಟ್ಟು ನಟ್ಟು ತಿರುವುವ ಪಾನಾ ಹಾಕಿದೆ. ಒಂದು ಸಲೀಸಾಗಿ ಬಂತು. ಇನ್ನೊಂದು ಕದಲಲಿಲ್ಲ. ಹಲ್ಲು ಕಚ್ಚಿ ಎರಡೂ ಕೈಯಿಂದ ಜಗ್ಗಿದೆ. ಮಾವನಿಗೆ ಹೊಸ್ತಿಲಿಂದ ಏನೂ ಕಾಣುತ್ತಿರಲಿಲ್ಲ, ಆದರೆ ಕಿವಿ ಇತ್ತಲ್ಲ.

"ಏ ಯವ್ವಾ, ಕೈ ತಗಿ! ತುದಿ ಒಳಗ ಮುರದ್ರ ಇಂಜಿನ್ನಿನ ತೆಲೀನ ಬಿಚ್ಚಬೇಕಾಗತೈತಿ. ಸಿಕ್ಕೊಂಡಿದ್ದನ್ನ ಜಗ್ಗಬಾರದು. ಒಂದೀಟ ತಿರುವು, ಹಿಂದ ಬಿಡು. ಮತ್ತ ಎಣ್ಣಿ ಕುಡಸು. ಆಮ್ಯಾಲ ಚಾ ಕುಡದ ಬಾ."

"ಮಾವಾರ, ರವಿವಾರ ಗಾಡೀನ ಹೋಗತೈತ್ರಿ, ನಾ ಚಾ ಕುಡೀಲೇನ್ರಿ?" ಸಿಟ್ಟು ಬಂದಿತ್ತು ನನಗೆ.

"ಕುಡಿ. ನನಗೂ ಒಂದೀಟ ಕೊಡು."

ಚಹಾ ಕುಡಿದೆವು. ಮತ್ತೆ ಮುಂದೆ, ಹಿಂದೆ, ಎಣ್ಣೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅದು ಮಸಿ ಮೆತ್ತಿಕೊಂಡು ಇಡಿಯಾಗಿ ಹೊರಬಂತು. ಹೊಸವನ್ನು ಮೊದಲು ಕೈಯಿಂದಲೇ ತಿರುವಿಸಿದರು, ಕಡೆಗೆ ಪಾನಾದಿಂದ ಸ್ವಲ್ಪವೇ ಬಿಗಿ.

ಶನಿವಾರ ಬೆಳಿಗ್ಗೆ ಕಾರು ಒಂದೇ ಕೀಲಿಗೆ ಎದ್ದಿತು. ನನ್ನ ಸಂತೋಷ ಗೇಟು ದಾಟುವ ತನಕವೂ ಉಳಿಯಲಿಲ್ಲ. ಕಟ್ಟೆಯ ಮೇಲಿಂದ ಭಾವನ ದನಿ ಕೇಳಿತು. "ಅಪ್ಪಾ, ಗಾಡಿ ಸುದ್ದ ಆತಲ್ಲ! ನಾಳಿ ಗಿರಾಕಿ ನೋಡಿದ ಕೂಡ್ಲೇ ಒಪ್ಪತಾನ." ಹುಕ್ಕೇರಿ ಮುಟ್ಟುವ ತನಕ ನನ್ನನ್ನು ನಾನೇ ಬೈದುಕೊಂಡೆ. ನನ್ನ ಗಾಡಿಯನ್ನು ನನ್ನ ಕೈಯಾರೆ ಮಾರಾಟಕ್ಕೆ ಸಿಂಗರಿಸಿದ್ದೆ.

ಸಂಜೆ ಮಾವ ಮೆಲ್ಲಗೆ ಅಂದರು, "ಪ್ಲಗ್ಗಿಗೆ ಕರೆಂಟ್ ತರೂ ವಾಯರ್ ಐತೆಲ್ಲ, ಅದರ ನಟ್ಟ ಬಿಚ್ಚಿ ತಾ." ವೈರಿನ ತುದಿ ಎಲ್ಲೂ ತಾಗದಂತೆ ಚಿಂದಿ ಸುತ್ತಿ ಮರೆಗೆ ಸರಿಸಿ, ನಟ್ಟು ತಂದೆ. ಮುಷ್ಟಿಯೊಳಗಿನ ಬಟ್ಟೆಯ ಸುರುಳಿ ತೆಗೆಸಿ, ಅಲ್ಲಿ ಅದನ್ನು ಇಡಿಸಿಕೊಂಡರು. "ಮಗನ ಅನ್ನಾ ಉಣ್ಣಾಕತ್ತೇನಿ, ಯವ್ವಾ. ಅವನ ಎದರ ಬಾಯಿ ತಗ್ಯಾಕ ಆಗೂದಿಲ್ಲ. ಕೈಯಾಗ ಒಂದೀಟ ಇಟ್ಕೊಂಡ್ರ ಯಾರ ಏನಂತಾರ?"

ರವಿವಾರ ಬೆಳಿಗ್ಗೆ ಮೂಡಲಗಿಯವನು ಮಫ್ಲರ್ ಸುತ್ತಿಕೊಂಡು ಚಳಿಯಲ್ಲೇ ಬಂದ. ಕಾರು ನರಳಿತು, ಕೆಮ್ಮಿತು, ಅಂಗಳದ ತುಂಬ ಬಿಳಿ ಹೊಗೆ ಬಿಟ್ಟಿತು, ಏಳಲಿಲ್ಲ. ಭಾವ ಕೆಂಪಾಗಿ ಒಳಗೆ ಬಂದು ಮಂಚದ ಅಂಚಿಗೆ ಕೂತರು. "ನಿನ್ನಿ ಎದ್ದಿತ್ತಲ್ಲಪ್ಪಾ?"

"ಹಳೀ ಗಾಡಿ, ಅದರ ಮನಸ" ಎಂದು ಮಾವ ಜಂತಿ ನೋಡಿದರು.

ಭಾವ ಅಪ್ಪನ ಬಲಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಮತ್ತೆ ಹೊದ್ದಿದ್ದ ಕೌದಿಯ ಮೇಲೆ ಇಟ್ಟರು. ಹೊರಗೆ ಹೋಗಿ ಮೂಡಲಗಿಯವನನ್ನು ಕಳಿಸಿ ಬಂದು ಹೇಳಿದರು. "ಅಪ್ಪಾ, ಅಕೀಗೆ ಹೇಳು. ಈ ಖಟಾರಾ ಯಾರೂ ತಗೊಳ್ಳೂದಿಲ್ಲ. ಅಕೀನ ಇಟ್ಕೊಳ್ಳಿ."

ಗಾಡಿ ಉಳಿಯಿತು, ನೆಮ್ಮದಿ ಹೋಯಿತು. ಭಾವ ಇಲ್ಲದ ಹೊತ್ತಿನಲ್ಲಿ ನಟ್ಟನ್ನು ಮತ್ತೆ ಬಿಗಿದಿದ್ದೆ. ದಿನಾ ಒಂದೇ ಕೀಲಿಗೆ ಎದ್ದರೆ ಭಾವನಿಗೆ ಗೊತ್ತಾಗಿಬಿಡುತ್ತದಲ್ಲ! ಅದಕ್ಕೂ ಮಾವನೇ ಉಪಾಯ ಹೇಳಿದರು. ಕೀಲಿ ಹಾಕಿದಾಗ ಸ್ಟೇರಿಂಗ್ ಹಿಂದೆ ಒಂದು ಹಳದಿ ದೀಪ ಹತ್ತುತ್ತದೆ. ಪ್ಲಗ್ಗು ಕಾದ ಮೇಲೆ ಅದು ಆರುತ್ತದೆ. "ದೀಪ ಆರೂದು ಕಾಯದ ಮದಲ ಒಂದೆರಡ ಸರ್ತಿ ತಿರುವು. ನರಳಲಿ. ಆಮ್ಯಾಲ ಕಾದು ಎಬಸು." ಹೀಗೆ ಪ್ರತಿ ಚಳಿಗಾಲದುದ್ದಕ್ಕೂ, ಚೆನ್ನಾಗಿದ್ದ ಗಾಡಿಯನ್ನು ಭಾವನ ಕಿವಿಗೆ ಬೀಳುವಂತೆ ಅಳಿಸಿಯೇ ನಾನು ಮನೆ ಬಿಡಬೇಕಾಗಿತ್ತು. ಕಿಟಕಿಯಲ್ಲಿ ಮಾವ ಬಾಯಿಗೆ ಟವೆಲು ಒತ್ತಿಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ. ಸಿಕ್ಕಿಬೀಳುವ ಹೆದರಿಕೆ ಗೋಕಾಕ ರೋಡಿಗೆ ಹತ್ತಿದರೂ ಬೆನ್ನು ಬಿಡುತ್ತಿರಲಿಲ್ಲ.

ಹೋದ ಚಳಿಗಾಲ ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ನೀರು ತಂದಾಗ ಮಾವ ಏಳಲಿಲ್ಲ. ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗ ಇಟ್ಟರು. ಬೀಗರಲ್ಲಿ ಯಾರೋ ಬಲಗೈಯನ್ನೂ ಬಿಡಿಸಿ ಸರಿ ಮಾಡಲು ಹೋದಾಗ ಭಾವ ತಡೆದರು. "ಬ್ಯಾಡ್ರಿ. ಆ ಕೈ ಹಂಗ ಇರ್ಲಿ."

ಕರ್ಮಗಳೆಲ್ಲ ಮುಗಿದು ನಾನು ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ಅಂಗಳದಲ್ಲಿ ಮಂಜು ಇತ್ತು. ಕಿಟಕಿಯಾಚೆ ಮಂಚ ಖಾಲಿ. ಕೈ ರೂಢಿಯಂತೆ ಕೀಲಿ ತಿರುವಿತು. ಕಾರು ನರಳಿತು. ಇನ್ನೊಮ್ಮೆ ನರಳಿಸಿದೆ.

ಭಾವ ಕಟ್ಟೆಯಿಂದ ಇಳಿದು ಬಂದು ನನ್ನ ಪಕ್ಕದ ಗಾಜಿನ ಹತ್ತಿರ ನಿಂತರು. ಹೇಳಿ ಕಳಿಸಲು ನಡುವೆ ಈಗ ಯಾರೂ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು.

"ಇನ್ನ ಯಾಕ ಅಳಸ್ತೀ ಅದನ್ನ? ದೀಪ ಆರಲಿ ತಡಿ. ಅಪ್ಪನ ಮುಷ್ಟ್ಯಾಗಿನ ಆ ನಟ್ಟ ಅವತ್ತ ನನ್ನ ಕೈಗೂ ಹತ್ತಿತ್ತು."

ದೀಪ ಆರುವ ತನಕ ಕಾದೆ. ಒಂದೇ ಕೀಲಿಗೆ ಎದ್ದಿತು. ಭಾವ ಹೋಗಿ ಗೇಟು ತೆರೆದರು.