ತೊಂಬತ್ತೊಂಬತ್ತು ಕುರಿಗಳ ಕಾವಲು

ಮೊನ್ನೆ ಬೆಳಿಗ್ಗೆ ಬಿಳಿಕೆರೆ ದಾಟುವಾಗ ರಸ್ತೆ ತುಂಬ ಕುರಿ. ಹುಣಸೂರಿನಿಂದ ಮೈಸೂರಿಗೆ ಸ್ಕೂಟರಿನಲ್ಲಿ ಹೊರಟಿದ್ದ ನಾನು ಅಂಚಿಗೆ ನಿಲ್ಲಿಸಿ ಕಾಲೂರಿದೆ. ಹಿಂದಿನ ಸಂಜೆ ಮಳೆ ಬಂದಿತ್ತು. ನೆಂದ ಉಣ್ಣೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಕುರಿಯವನು ಹಿಂಡನ್ನು ರಸ್ತೆಯಾಚೆಗೆ ದಾಟಿಸಿ, ಎಣಿಸಿ, ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡ. ಒಂದು ಮರಿ ಇಲ್ಲ! ಸುತ್ತಲೂ ನೋಡಿದ. ಬಸ್ಸಿಗೆ ಕಾದವರೆಲ್ಲ ಮೊಬೈಲಿನಲ್ಲಿ ಮುಳುಗಿದ್ದರು. ಕೆಲಸವಿಲ್ಲದವನ ಹಾಗೆ ಕಂಡವನು ನಾನೊಬ್ಬನೇ ಇರಬೇಕು.

"ಸಾ, ಒಸಿ ನೋಡ್ಕಳಿ ಸಾ, ಇಂಗೋಗಿ ಅಂಗೆ ಬಂದ್ಬುಡ್ತೀನಿ," ಎಂದವನೇ ನನ್ನ ಕೈಗೆ ಕೋಲು ತುರುಕಿ, ಬಂದ ದಾರಿಯಲ್ಲೇ ಓಡಿದ.

ನೀವು ನಗಬೇಡಿ. ಕನ್ನಡ ಎಂ.ಎ. ಓದಿದ ಮನುಷ್ಯ, ಇಸ್ತ್ರಿ ಅಂಗಿ ತೊಟ್ಟು, ಹೆಲ್ಮೆಟ್ ಕೂಡ ತೆಗೆಯದೆ, ಕೋಲು ಹಿಡಿದು ಹಿಂಡಿನ ಮುಂದೆ ನಿಂತಿದ್ದೆ. ಕುರಿಗಳು ನನ್ನನ್ನು ನೋಡಿದವು. ನಾನು ಕುರಿಗಳನ್ನು ನೋಡಿದೆ. ಅವಕ್ಕೆ ನಗು ಬಂತೋ ಇಲ್ಲವೋ ತಿಳಿಯದು, ನನಗಂತೂ ತಡೆಯಲಾಗಲಿಲ್ಲ. ಏಕೆಂದರೆ ಹತ್ತು ಹನ್ನೆರಡು ವರ್ಷದ ಹಿಂದೆ ಇದೇ ಕೆಲಸದ ವಿಚಾರವಾಗಿ ನಮ್ಮ ದೊಡ್ಡವ್ವ ಬೈಬಲನ್ನೇ ತರಾಟೆಗೆ ತೆಗೆದುಕೊಂಡಿದ್ದಳು.

ಆಗ ನಾನು ಹುಣಸೂರಿನಲ್ಲಿ ಅರೆಕಾಲಿಕ ಉಪನ್ಯಾಸಕ. ಬೇಸಿಗೆ ರಜೆಯಲ್ಲಿ ಕೆ.ಆರ್. ನಗರದ ಸ್ಯಾಮುವೇಲ್ ಮೇಷ್ಟ್ರು ಕರೆಸಿಕೊಂಡರು. ನಿವೃತ್ತ ಶಿಕ್ಷಕರು, ಭಾನುವಾರದ ಪ್ರಾರ್ಥನೆಯಲ್ಲಿ ಉಪದೇಶದ ಪ್ರಸಂಗ ಮಾಡುವವರು. ಬೈಬಲಿನ ಹತ್ತಾರು ಕತೆಗಳನ್ನು ನಮ್ಮ ಸೀಮೆಯ ಆಡುಮಾತಿಗೆ ತಂದು ಒಂದು ಸಣ್ಣ ಪುಸ್ತಕ ಮಾಡಬೇಕೆಂಬುದು ಅವರ ಬಹುದಿನದ ಆಸೆ. "ನಿನ್ನ ಹೆಸರೂ ಹಾಕಿಸ್ತೀನಿ ಕಣಯ್ಯ," ಎಂದರು. ಅಚ್ಚಿನಲ್ಲಿ ಹೆಸರು! ಅಲ್ಲಿಯವರೆಗೆ ನನ್ನ ಹೆಸರು ಅಚ್ಚಾಗಿದ್ದು ನನ್ನ ಮದುವೆಯ ಲಗ್ನಪತ್ರಿಕೆಯಲ್ಲಿ ಮಾತ್ರ, ಅದೂ ತಪ್ಪಾಗಿ. ನಮ್ಮ ಮನೆದೇವರು ಮಾದಪ್ಪ. ಮಾದಪ್ಪ ಇಂಥದ್ದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಾನೇ ತೀರ್ಮಾನಿಸಿ ಒಪ್ಪಿಕೊಂಡೆ.

ಮೇಷ್ಟ್ರದ್ದು ಒಂದು ನಿಯಮ. ನಾವು ಬರೆದ ಕತೆಯನ್ನು, ಅದನ್ನು ಹಿಂದೆಂದೂ ಕೇಳಿರದ ಮೂವರಿಗೆ ಓದಿ ಹೇಳಬೇಕು. ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಏನೂ ಬಿಡುವಂತಿಲ್ಲ, ಏನೂ ಸೇರಿಸುವಂತಿಲ್ಲ. ಮೂವರೂ ಸರಿಯಾಗಿ ಹೇಳಿದರೆ ಅನುವಾದ ಪಾಸು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಕಳೆದುಹೋದ ಕುರಿಯ ಕತೆ ಕೊನೆಯದು. ಅದೊಂದು ದಾಟಿದರೆ ಪುಸ್ತಕ ಪ್ರೆಸ್ಸಿಗೆ. ಪಿರಿಯಾಪಟ್ಟಣದಲ್ಲಿ ತಂಬಾಕು ಹದ ಮಾಡುವ ಬ್ಯಾರನ್ ಮನೆಯ ಮುಂದೆ ಕೂತಿದ್ದ ರೈತರೊಬ್ಬರು, ನಾವು ತೊಲಗಿದರೆ ಸಾಕೆಂದೋ ಏನೋ, ಒಂದೇ ಉಸಿರಿಗೆ ಒಪ್ಪಿಸಿದರು. ಎಚ್.ಡಿ. ಕೋಟೆಯ ಹೋಟೆಲಿನವರೂ ಕಾಫಿ ಸೋಸುತ್ತಲೇ ಪಾಸಾದರು. ಉಳಿದದ್ದು ಒಬ್ಬರು.

"ಈ ಸಲ ಕುರಿ ಗೊತ್ತಿರೋರೇ ಆಗಬೇಕು," ಎಂದರು ಮೇಷ್ಟ್ರು. ನಾನು ಎದೆಯುಬ್ಬಿಸಿ ವೀರನಹೊಸಹಳ್ಳಿ ಹತ್ತಿರವಿದ್ದ ದೊಡ್ಡವ್ವನ ಊರಿಗೆ ಕರೆದೊಯ್ದೆ. ಅವಳು ನಮ್ಮವ್ವನ ಅಕ್ಕ. ಹುಟ್ಟಿದಾಗಿನಿಂದ ಕುರಿಗಳ ಜೊತೆ ಬಾಳಿದವಳು. ಅಕ್ಷರ ಬಾರದಿದ್ದರೂ ಮಾತಿಗೆ ಬರವಿರಲಿಲ್ಲ.

ಕತೆ ಚಿಕ್ಕದು. ನೂರು ಕುರಿಯಿದ್ದವನಿಗೆ ಒಂದು ತಪ್ಪಿಹೋಗುತ್ತದೆ. ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಸಿಕ್ಕಿದ್ದನ್ನು ಹೆಗಲ ಮೇಲೆ ಹೊತ್ತು ತಂದು, ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾನೆ. ಕೊಟ್ಟಿಗೆಯ ಮುಂದೆ ಕೂತು ನಾನು ಏರಿಳಿತ ಮಾಡಿ ಓದಿದೆ. ಓದಿ ಮುಗಿಸಿ, ಚಪ್ಪಾಳೆಗೆ ಕಾಯುವವನ ಹಾಗೆ ತಲೆ ಎತ್ತಿದೆ.

"ಬುದ್ಧಿ ಐತಾ ಅವ್ನಿಗೆ?" ಎಂದಳು ದೊಡ್ಡವ್ವ.

ಮೇಷ್ಟ್ರು ಕೆಮ್ಮಿದರು.

"ತೊಂಬತ್ತೊಂಬತ್ತು ಕುರಿಯ ಕಾಡಲ್ಲಿ ಬುಟ್ಟು ಹೊಂಟ್ನಾ? ಈ ನಾಗರಹೊಳೆ ಮಗ್ಗುಲಲ್ಲಿ ಅಂಗೆ ಮಾಡ್ಲಿ ನೋಡುವ. ಅವ್ನು ಒಂದ ತರೋ ಹೊತ್ಗೆ ಚಿರ್ತೆ ಇಲ್ಲಿ ಹತ್ತ ಮುಗಿಸಿರ್ತದೆ!"

"ಅಮ್ಮಾ, ಅದು ದೇವರ ಪ್ರೀತಿ ಎಷ್ಟು ದೊಡ್ಡದು ಅಂತ ಹೇಳೋ ಕತೆ," ಎಂದರು ಮೇಷ್ಟ್ರು.

"ಪ್ರೀತಿ ಸರಿ ಸ್ವಾಮಿ, ಕಾವಲು ಯಾರು?"

ನಾನು ಮತ್ತೊಮ್ಮೆ ಓದಿದೆ. ಈ ಸಲ ಅವಳಿಗೆ ನೆರೆಹೊರೆಯವರ ಚಿಂತೆ ಹತ್ತಿತು. "ಜನವ ಕರ್ದು ಸಂತೋಸಪಟ್ಟ ಅಂದ್ಯಲ್ಲ, ಬರೀ ಬಾಯಲ್ಲಿ ಕಳಿಸಿದ್ನಾ? ಕುರಿ ಕುಯ್ದಿರ್ತಾನೆ. ಒಂದು ಸಿಕ್ತು ಅಂತ ಒಂದ ಕುಯ್ದ್ರೆ ತಿರ್ಗಾ ತೊಂಬತ್ತೊಂಬತ್ತೇ ಆಯ್ತಲ್ಲ! ಇಷ್ಟಕ್ಕೆ ಅಷ್ಟು ದೂರ ಯಾಕ್ಲಾ ನಡೀಬೇಕಿತ್ತು?"

ಮೇಷ್ಟ್ರು ನಕ್ಕರು ನೋಡಿ, ಕನ್ನಡಕ ಜಾರಿ ಕುರಿಹಿಕ್ಕೆಯೊಳಗೆ ಬಿತ್ತು. ಅದನ್ನು ಹುಡುಕಲು ಬಗ್ಗಿದವರು ಮೇಲೇಳಲಾರದೆ ಅಲ್ಲೇ ಕೂತು ನಕ್ಕರು. ಧರ್ಮಗ್ರಂಥದ ಕೆಲಸಕ್ಕೆ ಬಂದವರು ಹೀಗೆ ಹೊಟ್ಟೆ ಹಿಡಿದುಕೊಂಡು ನಗುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಕೊನೆಗೂ ತಿರುಗಿ ಹೇಳಲು ಒಪ್ಪಿದಳು. ಮೂರು ಸಲ ಹೇಳಿದಳು, ಚೆನ್ನಾಗಿಯೇ ಹೇಳಿದಳು. ಆದರೆ ಮೂರು ಸಲವೂ ಆ ತೊಂಬತ್ತೊಂಬತ್ತು ಕುರಿಗಳ ಪಕ್ಕದಲ್ಲಿ ಒಬ್ಬ ಹೆಂಗಸು ಕೋಲು ಹಿಡಿದು ಬಂದು ನಿಂತುಬಿಟ್ಟಳು.

"ಮೂಲದಲ್ಲಿ ಆ ಹೆಂಗಸು ಇಲ್ಲಮ್ಮ," ಎಂದರು ಮೇಷ್ಟ್ರು.

"ಇಲ್ದೆ ಎಂಗಿರ್ತಾಳೆ ಸ್ವಾಮಿ? ಬರ್ದೋನು ನೋಡಿಲ್ಲ, ಅಷ್ಟೇಯ."

ಅಚ್ಚಿನ ಹೆಸರು ಕಣ್ಣೆದುರೇ ಕೈಜಾರುತ್ತಿತ್ತು. "ದೊಡ್ಡವ್ವ, ನಿನ್ನ ಕಾಲಿಗೆ ಬೀಳ್ತೀನಿ, ಬರ್ದಿರೋದನ್ನಷ್ಟೇ ಹೇಳು," ಎಂದೆ.

ಅವಳು ಎಲೆಯಡಿಕೆ ಉಗಿದು ಬಂದು ಕೂತಳು. "ನಿಮ್ ದೊಡ್ಡಪ್ಪ ಒಂದ್ಸಲ ಅಂಗೇ ಮರಿ ಹುಡಿಕ್ಕಂಡು ಹೋಗಿದ್ದ ಕಣ್ಲಾ. ಹೊತ್ತು ಇಳಿದ್ರೂ ಬರ್ನಿಲ್ಲ. ಪೊದೆ ಒಳ್ಗೆ ಚಿರ್ತೆ ಗುರುಗುಡ್ತಾ ಅದೆ. ನಾನು ಏಳು ತಿಂಗಳ ಬಸುರಿ, ತಗಡು ಬಡ್ಕಂಡು ಮಿಕ್ಕ ಕುರಿ ಸುತ್ತಾ ಸುತ್ತುತಾ ಇವ್ನಿ. ಆಮೇಲೆ ಬಂದ ನೋಡು, ಮರಿಯ ಹೆಗಲ ಮ್ಯಾಲೆ ಹಾಕ್ಕಂಡು. ಊರೋರೆಲ್ಲ ಅವನ್ನೇ ಕೊಂಡಾಡಿದ್ರು. ಮಿಕ್ಕವ ಯಾರು ಕಾದ್ರು ಅಂತ ಒಬ್ನೂ ಕೇಳ್ನಿಲ್ಲ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ನಲವತ್ತು ವರ್ಷದಿಂದ ಈ ಕತೆ ಹೇಳ್ತಾ ಇದ್ದೀನಿ. ನಾನೂ ಕೇಳಲಿಲ್ಲವಲ್ಲಮ್ಮ," ಎಂದು ಎದ್ದು, ಹುಣಸೆಮರದ ಕೆಳಗೆ ಹೋಗಿ ಹೆಂಡತಿಗೆ ಫೋನ್ ಮಾಡಿದರು. "ಊಟ ಆಯ್ತಾ?" ಎಂದು ಅವರು ಕೇಳಿದ್ದೂ, ಆ ಕಡೆಯಿಂದ, "ಏನಾಯ್ತು ರೀ? ಎಲ್ಲಿ ಬಿದ್ರಿ? ಯಾವ ಆಸ್ಪತ್ರೇಲಿದ್ದೀರ?" ಎಂದು ಅವರ ಹೆಂಡತಿ ಕೂಗಿಕೊಂಡದ್ದೂ ನಮಗೆ ಸ್ಪಷ್ಟವಾಗಿ ಕೇಳಿಸಿತು. ದೊಡ್ಡವ್ವ ಸೆರಗು ಬಾಯಿಗಿಟ್ಟುಕೊಂಡು ಕುಲುಕಾಡಿದಳು.

ಆಮೇಲೆ ನನ್ನ ಜೋಲುಮುಖ ನೋಡಿ ಪಾಪ ಅನ್ನಿಸಿತೋ ಏನೋ, ಕತೆಯನ್ನು ಇದ್ದದ್ದು ಇದ್ದ ಹಾಗೆ, ಒಂದು ಮಾತು ಹೆಚ್ಚಿಲ್ಲದೆ ಕಡಿಮೆಯಿಲ್ಲದೆ ಹೇಳಿ ಮುಗಿಸಿದಳು. ಪಾಸು! ಪುಸ್ತಕ ಬಂತು. ಮೊದಲ ಪ್ರತಿ ಅವಳಿಗೇ ಒಯ್ದುಕೊಟ್ಟೆ. ಕುರಿಯ ಕತೆಯ ಪುಟ ತೆಗೆಸಿ, ಸಾಲುಗಳ ಮೇಲೆ ಮೆಲ್ಲಗೆ ಬೆರಳಾಡಿಸಿ, "ಆ ಕೋಲು ಹಿಡ್ದ ಹೆಂಗ್ಸು ಅವ್ಳಾ ಇದ್ರೊಳ್ಗೆ?" ಎಂದು ಕೇಳಿದಳು.

"ಇದ್ದಾಳೆ ದೊಡ್ಡವ್ವ," ಎಂದೆ. ಹಸೀ ಸುಳ್ಳು. ಅವಳು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮಾದಪ್ಪನ ಪಟದ ಪಕ್ಕದಲ್ಲಿಟ್ಟಳು. ನಾನು ಅವಳು ಕೊಟ್ಟ ಮಜ್ಜಿಗೆಯನ್ನೂ ಪೂರ್ತಿ ಕುಡಿಯದೆ ಎದ್ದು ಬಂದೆ. ಅಂದಿನಿಂದ ಆ ಮನೆಗೆ ಹೋದಾಗಲೆಲ್ಲ ಪಟದ ಕಡೆ ನೋಡುವುದನ್ನೇ ಬಿಟ್ಟೆ.

ಇತ್ತ ಬಿಳಿಕೆರೆಯಲ್ಲಿ, ಇದನ್ನೆಲ್ಲ ನೆನೆಯುವಷ್ಟರಲ್ಲಿ ನನ್ನ ಕಾವಲು ಕೆಟ್ಟಿತ್ತು. ಒಂದು ಟಗರು ಸೊಪ್ಪಿನ ಗಾಡಿಗೆ ಬಾಯಿ ಹಾಕಿ ಕೊತ್ತಂಬರಿ ಕಟ್ಟನ್ನು ಎಳೆಯಿತು, ಗಾಡಿಯಾಕೆ ಬೈದದ್ದು ನನ್ನನ್ನು. ಎರಡು ಕುರಿ ಹೆದ್ದಾರಿಯ ಕಡೆ ಹೊರಟವು. ನಾನು ತಲೆಯ ಮೇಲಿದ್ದ ಹೆಲ್ಮೆಟ್ಟಿಗೇ ಕೋಲು ಬಡಿಯುತ್ತ, "ಹುರ್‍ರ್! ಹುರ್‍ರ್!" ಎಂದು ಕೂಗುತ್ತ ಸುತ್ತು ಬಂದೆ. ಎಡಗಡೆಯವನ್ನು ಕೂಡಿಸಿದರೆ ಬಲಗಡೆಯವು ಹೊರಡುತ್ತಿದ್ದವು. ಅಂಗಿ ಹೊರಬಂತು, ಚಪ್ಪಲಿ ಕಿತ್ತುಹೋಯಿತು. ಲಾರಿಯೊಂದು ಮೊಳದಷ್ಟು ಅಂತರದಲ್ಲಿ ಹಾರ್ನ್ ಮಾಡಿಕೊಂಡು ಹಾದುಹೋಯಿತು. ಆದರೆ ಕುರಿ ಒಂದೂ ತಪ್ಪಿಹೋಗಲಿಲ್ಲ.

ಕುರಿಯವನು ಬಂದ. ಮರಿ ಹೆಗಲ ಮೇಲಿತ್ತು. ಬಸ್ಸಿಗೆ ಕಾದವರೆಲ್ಲ ಆಗ ಮೊಬೈಲಿನಿಂದ ತಲೆ ಎತ್ತಿದರು, ಮತ್ತೆ ಮೊಬೈಲನ್ನೇ ಎತ್ತಿ ಅವನ ಫೋಟೋ ತೆಗೆದರು. "ಭೇಷ್ ಕಣಣ್ಣ!" ಎಂದರು. ಅವನು ನಗುನಗುತ್ತ ನನ್ನ ಕೈಯಿಂದ ಕೋಲು ಈಸಿಕೊಂಡು ಹೊರಟೇಹೋದ. ನಾನು ಕಿತ್ತ ಚಪ್ಪಲಿ ಹಿಡಿದು ನಿಂತಿದ್ದೆ. ನನ್ನ ಕಡೆ ಒಬ್ಬರೂ ನೋಡಲಿಲ್ಲ, ಕೊತ್ತಂಬರಿಯಾಕೆಯ ಹೊರತು.

ಅಲ್ಲೇ ಮೈಲಿಗಲ್ಲಿನ ಮೇಲೆ ಕೂತು, ಸ್ಪೀಕರ್ ಹಾಕಿ ದೊಡ್ಡವ್ವನಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಆಮೇಲೆ, "ದೊಡ್ಡವ್ವ, ಆ ಪುಸ್ತಕದಲ್ಲಿ ಆ ಹೆಂಗ್ಸು ಇಲ್ಲ. ನಾನು ಸುಳ್ಳು ಹೇಳಿದ್ದೆ," ಎಂದೆ.

"ಗೊತ್ತು ಕಣ್ಲಾ. ನೀನು ಬಸ್ಸು ಹತ್ತುತ್ಲೂವೆ ಅಂಗನವಾಡಿ ಟೀಚರ ಕೈಲಿ ಓದಿಸ್ದೆ."

"ಮತ್ತೆ ಇಷ್ಟು ವರ್ಷ ಯಾಕೆ ಬಾಯಿಬಿಡಲಿಲ್ಲ?"

"ಅಷ್ಟು ಆಸೆಯಿಂದ ತಂದಿದ್ದೆ, ನಿನ್ ಹೆಸ್ರು ಬೇರೆ ಇತ್ತು. ಅದ ಬುಡು. ಕುರಿ ಒಂದೂ ಕಮ್ಮಿ ಆಗ್ನಿಲ್ವಲ್ಲ?"

"ಇಲ್ಲ."

"ನಿನ್ನ ಯಾರಾರ ಕೇಳಿದ್ರಾ?"

"ಇಲ್ಲ ದೊಡ್ಡವ್ವ."

ಅತ್ತ ಕಡೆಯಿಂದ ನಗು ಉಕ್ಕಿ ಬಂತು. ಎಪ್ಪತ್ತು ದಾಟಿದ ಮುದುಕಿ ಉಸಿರು ಸಿಕ್ಕಿಕೊಳ್ಳುವ ಹಾಗೆ ನಕ್ಕಳು. ನಾನೂ ರಸ್ತೆ ಬದಿ ಹುಚ್ಚನಂತೆ ನಕ್ಕೆ. ನಗು ನಿಂತ ಮೇಲೆ ಮೇಷ್ಟ್ರ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡಳು.

"ಸರಿ, ಈಗ ತಿರುಗಿ ಹೇಳು ನೋಡುವ ಕತೆಯ. ಏನೂ ಬುಡಂಗಿಲ್ಲ."

ನಾನು ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು ಶುರುಮಾಡಿದೆ: "ಒಂದೂರಲ್ಲಿ ಒಬ್ಬಳು ಹೆಂಗಸಿದ್ದಳು..."