ಮೈಕಿನ ಮುಂದೆ ತಡವರಿಸಿದವರ ಪರವಾಗಿ

ನಮ್ಮ ಬೀದಿಯಲ್ಲಿ ನನಗಿಂತ ಚೆನ್ನಾಗಿ ಮಾತಾಡುವವಳು ಒಬ್ಬಳೇ ಇದ್ದಾಳೆ, ಎದುರುಮನೆಯ ಟೀಚರಕ್ಕ. ಹೈಸ್ಕೂಲಿನಲ್ಲಿ ಪಾಠ ಹೇಳಿ ರಿಟೈರಾದವಳು. ನನ್ನದು ನಲ್ಲಿ ಹತ್ತಿರದ ಮಾತು. ಕೊಡ ತುಂಬಿ ಹರಿಯುತ್ತಿದ್ದರೂ ಕೇಳುವವರು ಎತ್ತಿಕೊಂಡು ಹೋಗದ ಹಾಗೆ ನಿಲ್ಲಿಸಬಲ್ಲೆ, ಅಷ್ಟೆ. ಅವಳದು ವೇದಿಕೆಯ ಮಾತು. ಬಂಗಾರಪೇಟೆಯಲ್ಲಿ ಯಾರಾದರೂ ಸಭೆ ಮಾಡಬೇಕೆಂದರೆ ಮೊದಲು ಅವಳನ್ನು ಕೇಳಿ ಆಮೇಲೆ ಶಾಮಿಯಾನದವನಿಗೆ ಹೇಳುತ್ತಾರೆ. ಇದನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಮಾತು ಬಾರದ ಮುದುಕಿ ಹೊಟ್ಟೆಕಿಚ್ಚಿಗೆ ಹೀಗೆ ಬರೆದಳು ಅಂತ ಆಮೇಲೆ ಯಾರೂ ಅನ್ನಬಾರದು.

ನಾನು ಹೇಳಬೇಕಾದ ಇನ್ನೊಬ್ಬರು ಕೆಜಿಎಫ್‌ನ ಊರಿಗಾಂನಲ್ಲಿ, ಚಿನ್ನದ ಗಣಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಗಳಲ್ಲಿರುವ ಲೇಖಕಿ. ಅವರ ಹೆಸರು ಬರೆಯುವುದಿಲ್ಲ. ಕೇಳದೆ ಬರೆಯಬಾರದು, ಕೇಳಿದರೆ ಬೇಡ ಅನ್ನುತ್ತಾರೆ. ಗಣಿ ಕೆಲಸದವರ ಮಗಳು. ಮನೆಮಾತು ತಮಿಳು, ಅಕ್ಕಪಕ್ಕದವರದು ತೆಲುಗು, ಓದಿದ್ದು ಕನ್ನಡ ಶಾಲೆಯಲ್ಲಿ. ಗಂಡ ಕನ್ನಡ ಮೇಷ್ಟ್ರು. ಅವರು ಬರೆದದ್ದೆಲ್ಲ ಕನ್ನಡದಲ್ಲೇ.

ಅವರ ಮೊದಲ ಪುಸ್ತಕವನ್ನು ಲೈಬ್ರರಿಯಿಂದ ತಂದಿದ್ದೆ. ಅದರಲ್ಲಿ ಒಂದು ಪುಟವಿದೆ. ಹೊತ್ತಲ್ಲದ ಹೊತ್ತಿನಲ್ಲಿ ಗಣಿಯ ಸೈರನ್ ಕೂಗುತ್ತದೆ. ಒಬ್ಬ ಹೆಂಗಸು ದೋಸೆ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಯಾರೂ ಅಳುವುದಿಲ್ಲ. ಹಿಟ್ಟು ಬೆರಳಿನ ಸಂದಿಯಲ್ಲಿ ಒಣಗಿ ಬಿರುಕು ಬಿಡುವುದನ್ನು ಮಾತ್ರ ಬರೆದಿದ್ದಾರೆ. ಓದಿ ಮುಗಿಸಿ ಎದ್ದು ಹೋಗಿ ನನ್ನ ಕೈ ತೊಳೆದುಕೊಂಡು ಬಂದೆ. ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅವತ್ತಿನಿಂದ ಅವರೆಂದರೆ ನನಗೆ ಹುಚ್ಚು. ಹುಡುಗಿಯರು ಸಿನಿಮಾ ನಟರ ಫೋಟೋ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ನಾನು ಅವರ ಪುಸ್ತಕಗಳನ್ನು ಕೊಂಡು, ರಟ್ಟು ಹಾಕಿ ಬೀರುವಿನಲ್ಲಿ ರೇಷ್ಮೆ ಸೀರೆಯ ಪಕ್ಕ ಇಟ್ಟಿದ್ದೇನೆ. ಸೊಸೆ ನಗುತ್ತಾಳೆ. ನಗಲಿ.

ನಮ್ಮದೊಂದು ಓದುವ ಹೆಂಗಸರ ಗುಂಪಿದೆ. ಶನಿವಾರ ಮಧ್ಯಾಹ್ನ ಲೈಬ್ರರಿ ಪಕ್ಕದ ಕೋಣೆಯಲ್ಲಿ ಸೇರುತ್ತೇವೆ, ಉಳಿದ ದಿನ ವಾಟ್ಸಾಪಿನಲ್ಲಿ ಸೇರಿರುತ್ತೇವೆ. ಟೀಚರಕ್ಕ ಅಧ್ಯಕ್ಷೆ. ಈ ಸಲದ ವಾರ್ಷಿಕೋತ್ಸವಕ್ಕೆ ಈ ಲೇಖಕಿಯನ್ನೇ ಕರೆಯಬೇಕು ಅಂತ ಹಟ ಹಿಡಿದವಳು ನಾನು. ಬಸ್ಸು ಹತ್ತಿ ಊರಿಗಾಂಗೆ ಹೋಗಿ ಅವರ ಮನೆಯಲ್ಲಿ ಕೂತೆ.

"ನಂಗೆ ಮಾತು ಬರಲ್ಲ ಅಕ್ಕ," ಅಂದರು, ನೆಲ ನೋಡಿಕೊಂಡು.

"ಮಾತು ಯಾರ್ ಕೇಳಿದ್ರಮ್ಮ? ಬಂದು ಕೂತ್ಕಳಿ ಸಾಕು. ಶಾಲು ಒದ್ದುಸ್ತೀವಿ, ಕೇಸರಿಬಾತ್ ತಿನ್ನುಸ್ತೀವಿ, ಕಳುಸ್ತೀವಿ."

ನಕ್ಕರು. ಒಪ್ಪಿದರು. ಮಾತಾಡಿಸಬಾರದು ಅಂತ ಟೀಚರಕ್ಕನಿಗೂ ಹೇಳಿದ್ದೆ, "ಆಯ್ತು ಬಿಡೇ" ಅಂದಿದ್ದಳು.

ಆದರೆ ವೇದಿಕೆ ಹತ್ತಿದ ಮೇಲೆ ಟೀಚರಕ್ಕನ ಕೈ ಅವಳ ಮಾತು ಕೇಳುವುದಿಲ್ಲ. ತಾನು ಸೊಗಸಾಗಿ ಮಾತಾಡಿ, ಜನರನ್ನು ನಗಿಸಿ, ಅಳಿಸಿ, ಆ ಸಂಭ್ರಮದಲ್ಲೇ "ನಮ್ಮ ಹೆಮ್ಮೆಯ ಲೇಖಕಿ ಈಗ ಎರಡು ನುಡಿಗಳನ್ನಾಡಲಿದ್ದಾರೆ" ಅಂತ ಮೈಕನ್ನು ಅವರ ಕೈಗೆ ಇಟ್ಟುಬಿಟ್ಟಳು. ಕೆಟ್ಟ ಬುದ್ಧಿಯಿಂದಲ್ಲ. ಮೈಕು ಕೊಡದಿದ್ದರೆ ಅವಮಾನ ಅಂತ ತಿಳಿದಿರುವವಳು ಅವಳು.

ಲೇಖಕಿ ಎದ್ದು ನಿಂತರು. "ಎಲ್ಲಾರ್ಗೂ... ನಮಸ್ಕಾರ," ಅಂದರು. "ನಾನ್ ಬರ್ಯೋದು... ಅದು ಬಂದು..." ಅಂದರು. ಮೈಕು ಕಿರುಚಿತು. ಹೇಗೆ ಹೇಳುವುದು ಎಂಬುದೂ ಕನ್ನಡದಲ್ಲಿ ಬರದೆ, "ಎಪ್ಪಡಿ ಸೊಲ್ರದು" ಅಂತ ತಮಿಳಿನಲ್ಲೇ ಬಾಯಿಂದ ಜಾರಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವರು ಇನ್ನೆರಡು ಸಲ ಬಾಯಿ ತೆರೆದು, ಮುಚ್ಚಿ, ಕೈಮುಗಿದು ಕೂತುಬಿಟ್ಟರು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಅವರ ಗಂಡ ಕೂತಿದ್ದರು. ಅಷ್ಟು ಹೊತ್ತೂ ಅವರ ತುಟಿ ಅಲ್ಲಾಡುತ್ತಿತ್ತು.

ಸಂಜೆ ಗುಂಪಿಗೆ ಟೀಚರಕ್ಕನ ವಾಯ್ಸ್ ಮೆಸೇಜ್ ಬಂತು.

"ಕಾರ್ಯಕ್ರಮ ಚೆನ್ನಾಗೇ ಆಯ್ತು. ಆದ್ರೆ ನಾಕ್ ಮಾತ್ ಕನ್ನಡ ಆಡಕ್ಕಾಗ್ದೆ ಇರೋರು ಅಷ್ಟ್ ದಪ್ಪ ಪುಸ್ತಕ ಅದೆಂಗ್ ಬರ್ದ್ರಮ್ಮಾ? ಮುಂದ್ಗಡೆ ಮೇಷ್ಟ್ರು ಬಾಯಾಡುಸ್ತಿದ್ದಿದ್ದು ನಾನ್ ನೋಡ್ದೆ, ಏಳ್ಕೊಡ್ತಿದ್ರು. ಬರ್ಕೊಟ್ಟಿರೋರೂ ಅವ್ರೇ ಇರ್ಬೇಕು ಬಿಡಿ."

ಕೆಳಗೆ ಸಾಲಾಗಿ ನಗುವ ಬೊಂಬೆಗಳು. ಒಬ್ಬಳು "ನನಗೂ ಹಾಗೇ ಅನಿಸಿತು" ಅಂತ ಹಾಕಿದಳು. ಆ ಪುಸ್ತಕ ಅವಳು ಓದಿಯೇ ಇಲ್ಲ, ಅದು ನನಗೆ ಗೊತ್ತು.

ಬೆಳಿಗ್ಗೆ ಊರಿಗಾಂನಿಂದ ಫೋನು. ಯಾರೋ ಪುಣ್ಯಾತ್ಮರು ಅದನ್ನು ಅವರಿಗೇ ಕಳಿಸಿದ್ದರು.

"ಅಕ್ಕಾ... ನೀವೂ ಅಂಗೇ ಅನ್ಕೊಂಡ್ರಾ?"

"ಇಲ್ಲಮ್ಮಾ, ತಾಯಿ," ಅನ್ನುವುದರೊಳಗೆ ಅವರೇ ಹೇಳಿದರು, "ಅರ್ಧ ಬರ್ದಿದ್ದೆ ಇನ್ನೊಂದು. ಇನ್ನ ಬೇಡ ಅನ್ಸ್ತದೆ. ಬರ್ದ್ರೂ ನಮ್ಮನೆಯವ್ರದೇ ಅಂತಾರೆ." ಫೋನು ಇಟ್ಟರು.

ಒಲೆ ಆರಿಸಿ ಬೀದಿ ದಾಟಿದೆ. ಟೀಚರಕ್ಕ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ಅಕ್ಕಾ, ಆ ಮಾತ್ ವಾಪಸ್ ತಕ್ಕೋ."

"ಯಾವ್ ಮಾತೇ?"

"ಮೇಷ್ಟ್ರು ಬರ್ಕೊಟ್ರು ಅಂದ್ಯಲ್ಲ, ಅದು. ನಾನ್ ಅವ್ರ್ ಪಕ್ಕದಾಗೇ ಕೂತಿದ್ದೆ. ಏಳ್ಕೊಡ್ತಿರ್ಲಿಲ್ಲ. 'ಸಾಕು ಬಾ, ಸಾಕು ಬಾ' ಅಂತಿದ್ರು ಪಾಪ, ಯೆಂಡ್ರನ್ನ."

"ನೀನ್ ಬಿಡೇ, ಅವ್ಳು ಕೆಮ್ಮಿದ್ರೂ ಕವಿತೆ ಅಂತೀಯ. ಒಳ್ಗಿರೋದು ಮೊದ್ಲು ಬಾಯಿಗ್ ಬತ್ತದೆ, ಆಮೇಲೆ ಕೈಗ್ ಬತ್ತದೆ. ಬಾಯಿಗೇ ಬರ್ದೆ ಇರೋದು ಕೈಗೆಂಗೇ ಬತ್ತದೆ?"

"ಅಂಗಾದ್ರೆ ನಿನ್ ಕೈಗೆ ಇಷ್ಟೊತ್ಗೆ ಒಂದ್ ಬೀರು ಪುಸ್ತಕ ಬಂದಿರ್ಬೇಕಾಗಿತ್ತು. ಎಲ್ಲಿ ಅವೆ?"

"ನಂಗೆ ಟೈಮ್ ಎಲ್ಲೈತೆ, ಓಗೇ," ಅಂತ ಒಂದು ಮುಷ್ಟಿ ಅವರೆಕಾಳು ನನ್ನ ಸೆರಗಿಗೆ ಹಾಕಿ ಕಳಿಸಿದಳು.

ಗುಂಪಿನಲ್ಲಿ ಆಡಿದ್ದಕ್ಕೆ ಗುಂಪಿನಲ್ಲೇ ಉತ್ತರ ಕೊಡಬೇಕು ಅಂತ ಫೋನು ಹಿಡಿದು ಕೂತೆ. ಫೋನಿನಲ್ಲಿ ಬರೆಯುವುದನ್ನು ಸೊಸೆ ನನಗೆ ಕಲಿಸಿ ಹೆಚ್ಚು ದಿನವಾಗಿರಲಿಲ್ಲ. ಅವಳು ಕೆಜಿಎಫ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಬಂದವಳು, ದಣಿವಿನಲ್ಲಿ ಹೇಳಿದಳು, "ಅತ್ತೆ, ಯಾಕಿಷ್ಟು ಕಷ್ಟ? ಈ ಮೈಕ್ ಒತ್ತಿ ಮಾತಾಡಿ, ಅದೇ ಬರ್ಕೊಳ್ತದೆ. ನಿಮ್ ಮಾತ್ನ ಮುಂದೆ ಯಾರ್ ನಿಲ್ತಾರೆ?"

ಒತ್ತಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ, ಸೊಸೆ ಕೈಯಲ್ಲಿದ್ದ ತಟ್ಟೆ ಮರೆತು ಕೇಳುತ್ತಿದ್ದಳು. ಆಮೇಲೆ ಓದಿದರೆ, ಅಯ್ಯೋ, ಯಾರೋ ಅಮಲಿನಲ್ಲಿ ಕೂಗಾಡಿದ ಹಾಗಿತ್ತು. ನಡುವೆ ನಾಯಿ ಓಡಿಸಿದ್ದೂ ಬರೆದುಕೊಂಡಿತ್ತು. ಅಷ್ಟನ್ನೂ ಅಳಿಸಿ ಬೆರಳಲ್ಲಿ ಒತ್ತಿ ಒತ್ತಿ ಬರೆದೆ. ಅದು ಇನ್ನೂ ಕೆಟ್ಟದಾಗಿ ಬಂತು. "ಆತ್ಮೀಯ ಸದಸ್ಯರೇ, ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ." ಇದ್ಯಾರು ಬರೆದದ್ದು? ನಾನಾ? ನೀರು ಬಿಡುವವನನ್ನು ಮಾತಿನಲ್ಲೇ ಅರ್ಧ ಗಂಟೆ ಜಾಸ್ತಿ ನಿಲ್ಲಿಸಿಕೊಳ್ಳುವ ನಾನಾ?

ಆಗ ನನಗೆ ಗೊತ್ತಾಯಿತು. ಮಾತಾಡುವಾಗ ನಾನೊಬ್ಬಳೇ ಮಾತಾಡುವುದಿಲ್ಲ. ನನ್ನ ಕೈ ಮಾತಾಡುತ್ತದೆ, ಹುಬ್ಬು ಮಾತಾಡುತ್ತದೆ, ಎದುರಿಗಿರುವವಳು "ಆಮೇಲೆ?" ಅನ್ನುತ್ತಾಳೆ, ಆ ಆಮೇಲೆಯನ್ನು ಹಿಡಿದುಕೊಂಡು ನಾನು ಮುಂದೆ ಹೋಗುತ್ತೇನೆ. ಹೇಳಿದ್ದು ಹಿಡಿಸಲಿಲ್ಲವೆಂದರೆ ಅವಳ ಮುಖ ನೋಡಿ ತಿರುಗಿಸುತ್ತೇನೆ. ಫೋನು ಮಾತ್ರ ಸುಮ್ಮನೆ ಬೆಳ್ಳಗೆ ನೋಡುತ್ತಿರುತ್ತದೆ. ಅದರ ಮುಂದೆ ಕೂತು, ಯಾರೂ ಆಮೇಲೆ ಅನ್ನದೆ, ಮುಂದೆ ಹೋಗುವುದು ಬೇರೆಯದೇ ಕೆಲಸ. ಚೆನ್ನಾಗಿ ಅಡುಗೆ ಮಾಡಿದವಳನ್ನು ಕರೆದು "ಎಲ್ಲಿ, ಈಗೊಂದು ಹಾಡು" ಅನ್ನುತ್ತೇವಾ? ಹಾಡದಿದ್ದರೆ ಸಾರು ಗಂಡ ಮಾಡಿದ್ದು ಅನ್ನುತ್ತೇವಾ?

ಬರೆದದ್ದು ಕೆಟ್ಟದ್ದಕ್ಕೆ ಮೊದಲು ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ಟೀಚರಕ್ಕನಿಗೆ ತೋರಿಸಲು ಇದಕ್ಕಿಂತ ಬೇರೆ ಏನು ಬೇಕು? ಗುಂಪಿಗೆ ಇಷ್ಟೇ ಹಾಕಿದೆ: "ಶನಿವಾರ ಎಲ್ಲರೂ ಪೆನ್ನು ಹಾಳೆ ತನ್ನಿ. ಟೀಚರಕ್ಕ ತಪ್ಪದೆ ಬರಬೇಕು. ಹೆದರಿಕೆಯಾದರೆ ಬೇಡ."

ಆ ಕೊನೆಯ ಮಾತಿಗೆ ಅವಳು ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು.

"ಏನೇ, ನಂಗೇ ಪರೀಕ್ಷೆ ಇಕ್ತೀಯಾ?"

"ಪರೀಕ್ಷೆ ಏನಿಲ್ಲಕ್ಕ. ನಿಮ್ಮಮ್ಮನ್ ವಿಷ್ಯ ಏನಾದ್ರೂ ಒಂದ್ ಏಳು. ಆಮೇಲೆ ಅದನ್ನೇ ಬರಿ. ನೀನೇ ಅಂದ್ಯಲ್ಲ, ಬಾಯಿಗ್ ಬಂದಿದ್ದು ಕೈಗೂ ಬತ್ತದೆ ಅಂತ."

ಹೇಳಿದಳು. ಸುಳ್ಳು ಯಾಕೆ, ನಾನೂ ಬಾಯಿ ಬಿಟ್ಟುಕೊಂಡು ಕೇಳಿದೆ. ಅವಳ ತವರು ಬೇತಮಂಗಲ. ಅವಳಮ್ಮ ಎಮ್ಮೆಯನ್ನು ಕದ್ದು ಕೆರೆಗೆ ಇಳಿಸುತ್ತಿದ್ದಳಂತೆ. ಕೆಜಿಎಫ್‌ನವರು ಕುಡಿಯುವ ನೀರು, ದನ ಇಳಿಸುವ ಹಾಗಿಲ್ಲ. ಒಂದು ದಿನ ಕಾವಲಿನವನು ಬಂದೇಬಿಟ್ಟ. ಎಮ್ಮೆ ಮೂಗೊಂದನ್ನು ಮೇಲಿಟ್ಟುಕೊಂಡು ಹಾಯಾಗಿ ಮುಳುಗಿದೆ, ಏಳುತ್ತಿಲ್ಲ. "ಯಾರ್ದಮ್ಮಾ ಎಮ್ಮೆ?" ಅಂದನಂತೆ. "ನಂಗೇನ್ ಗೊತ್ತು ಸ್ವಾಮಿ, ನಾನ್ ಸೊಪ್ಪು ಕೀಳಾಕ್ ಬಂದೆ," ಅಂದಳಂತೆ ಅವಳಮ್ಮ. ಎಮ್ಮೆ ಆಗ ಅವಳ ದನಿ ಕೇಳಿ ನೀರಿಂದೆದ್ದು, ಮೈಯಿಂದ ನೀರಿಳಿಸಿಕೊಂಡು ಬಂದು, ಅವಳ ಭುಜಕ್ಕೆ ಮೂತಿ ಒರೆಸಿಕೊಂಡು ನಿಂತಿತಂತೆ. ಟೀಚರಕ್ಕ ಅಮ್ಮನೂ ಆದಳು, ಕಾವಲಿನವನೂ ಆದಳು, ಎಮ್ಮೆಯಂತೂ ಎಷ್ಟು ಚೆನ್ನಾಗಿ ಆದಳೆಂದರೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆವು.

"ಬರಿ ಈಗ," ಅಂದೆ.

ಬರೆದಳು. ದುಂಡು ಅಕ್ಷರ, ಒಂದು ಚಿತ್ತಿಲ್ಲ. ಎದ್ದು ನಿಂತು ಓದಿದಳು. ತಾಯಿ ತ್ಯಾಗಮಯಿ. ಆಕೆಯ ಋಣ ತೀರಿಸಲಾಗದು. ಗ್ರಾಮೀಣ ಬದುಕಿನಲ್ಲಿ ಜಾನುವಾರುಗಳ ಪಾತ್ರ ಹಿರಿದು. ನೀರು ಅಮೂಲ್ಯ. ಇಂದಿನ ಪೀಳಿಗೆ ಇದನ್ನರಿಯಬೇಕು.

ಕಾಮಸಮುದ್ರದಿಂದ ಬರುವ ಸದಸ್ಯೆಯೊಬ್ಬಳು, ನಿಜವಾಗಿಯೂ ಗೊತ್ತಾಗದೆ, ಕೇಳಿದಳು:

"ಅಕ್ಕಾ, ಎಮ್ಮೆ ಎಲ್ಲೋಯ್ತು?"

ಕೋಣೆ ಗೊಳ್ಳೆಂದಿತು. ನಾನು ನಗಲಿಲ್ಲ ಅಂದರೆ ದೇವರು ಮೆಚ್ಚುವುದಿಲ್ಲ. ಟೀಚರಕ್ಕ ಹಾಳೆಯನ್ನು ತಿರುಗಿಸಿ ಹಿಂದುಗಡೆಯೂ ನೋಡಿದಳು.

"ಈಗಿನ್ನೂ ಇತ್ತಲ್ಲೇ," ಅಂದಳು ನನ್ನ ಕಡೆ ನೋಡಿ. ಅವಳ ಮುಖ ನೋಡಿ ನನ್ನ ನಗು ನಿಂತಿತು. ಎಮ್ಮೆಯ ಜೊತೆ ಅವಳಮ್ಮನೂ ಆ ಹಾಳೆಯಲ್ಲಿ ಇರಲಿಲ್ಲ, ಅದು ಅವಳಿಗೆ ಕಂಡಿತ್ತು.

"ನಂಗೂ ಇಂಗೇ ಆಯ್ತಕ್ಕ," ಅಂತ ನನ್ನ "ಆತ್ಮೀಯ ಸದಸ್ಯರೇ"ಯನ್ನು ಓದಿ ತೋರಿಸಿದೆ. ಅದಕ್ಕೂ ನಕ್ಕರು. ಆಮೇಲೆ ಬೀರುವಿನಿಂದ ತಂದಿದ್ದ ಪುಸ್ತಕ ತೆಗೆದು ಆ ಸೈರನ್ನಿನ ಪುಟವನ್ನು ಟೀಚರಕ್ಕನ ಕೈಗೇ ಕೊಟ್ಟೆ. ಅವಳು ಎಂದಿನ ಹಾಗೆ ಗಟ್ಟಿಯಾಗಿ ಶುರುಮಾಡಿದವಳು ಅರ್ಧಕ್ಕೆ ಬರುವಾಗ ದನಿ ಇಳಿಸಿ, ಉಳಿದದ್ದನ್ನು ಮನಸ್ಸಿನಲ್ಲೇ ಓದಿಕೊಂಡಳು.

"ಆಯ್ತು ಬಿಡೇ. ಅವ್ರೇ ಬರ್ದಿರ್ಬೌದು."

"ಬೌದು ಬೇಡಕ್ಕ."

"ಅವ್ರೇ ಬರ್ದವ್ರೆ. ಸರಿನಾ? ಮನೇಗೋಗಿ ಗ್ರೂಪಲ್ಲಿ ಒಂದ್ ವಾಯ್ಸ್ ಆಕ್ತೀನಿ."

"ವಾಯ್ಸ್ ಬೇಡ. ನೀನ್ ಬಾಯಿ ಬಿಟ್ರೆ ತಪ್ಪೊಪ್ಕೊಳ್ಳೋದೂ ಭಾಷಣ ಆಗ್ತದೆ, ಎಲ್ರೂ ಚಪ್ಪಾಳೆ ಒಡೀತಾರೆ. ಬರಿ."

"ಯಪ್ಪಾ, ಏನ್ ಅಟಮಾರಿ ಮುದ್ಕಿಯೇ ನೀನು!"

"ಊಂ."

ಸಂಜೆ ಫೋನು ಹಿಡಿದು ಕೂತೆ. ಗುಂಪಿನಲ್ಲಿ ಅವಳ ಹೆಸರಿನ ಪಕ್ಕ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕಿಟಕಿಯಿಂದ ನೋಡಿದರೆ ಎದುರಿಗೆ ಜಗುಲಿಯಲ್ಲಿ ಕನ್ನಡಕ ಹಣೆಗೇರಿಸಿ ಫೋನಿನ ಮೇಲೆ ಬಗ್ಗಿದ್ದಳು. ಹೋಗಿ ಸಹಾಯ ಮಾಡೋಣವೆನಿಸಿತು. ಹೋಗಲಿಲ್ಲ. ಸಾರು ಕುದಿದು ಇಳಿಸಿದ ಮೇಲೆ ಬಂತು: "ಆ ಪುಸ್ತಕ ಅವರೇ ಬರೆದದ್ದು. ನಾನು ನೋಡದೆ ಆಡಿದ ಮಾತು ಅದು. ಮೈಕು ಕೊಟ್ಟದ್ದೂ ನಾನೇ."

ತ್ಯಾಗಮಯಿ ಇಲ್ಲ, ಪೀಳಿಗೆ ಇಲ್ಲ. ಅವಳು ಬರೆದದ್ದರಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ.

ಅದನ್ನು ಊರಿಗಾಂಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಲೇಖಕಿಯ ಫೋನು ಬಂತು. ಆ ಮೂರು ಸಾಲಿನ ಬಗ್ಗೆ "ನೋಡ್ದೆ ಅಕ್ಕ" ಅಂದರಷ್ಟೆ. ನಾನು ಬಾಯಿ ತಡೆಯದೆ ಶನಿವಾರದ ಕಥೆಯನ್ನೆಲ್ಲ ಹೇಳಿದೆ. ಎಮ್ಮೆ ಎಲ್ಲಿ ಹೋಯಿತು ಅನ್ನುವಲ್ಲಿ ಅವರು ನಗಲಿಲ್ಲ.

"ಅಕ್ಕಾ, ಆ ಎಮ್ಮೆ... ಕೊಂಬು ಎಂಗಿತ್ತಂತೆ?"

"ಕೊಂಬಾ?"

"ಅದು ನೀರಿಂದ ಏಳ್ವಾಗ ಮೊದ್ಲು ಮೂಗ್ ಬಂತಾ, ಕೊಂಬ್ ಬಂತಾ? ಅವ್ರಮ್ಮ ಭುಜ ಒರುಸ್ಕೊಂಡ್ರಾ, ಅಂಗೇ ಬಿಟ್ರಾ?"

ತಡವರಿಕೆ ಎಲ್ಲಿ ಹೋಯಿತೋ. ಒಂದರ ಹಿಂದೆ ಒಂದು ಕೇಳುತ್ತಲೇ ಇದ್ದರು. ಅವರ ಹಿಂದಿನಿಂದ ಮೇಷ್ಟ್ರು, "ಊಟ ಆರೋಗ್ತದೆ, ಬರ್ತೀಯಾ ಇಲ್ವಾ," ಅಂತ ಕೂಗುತ್ತಿದ್ದರು. ಅವರಿಗೆ ಅದು ಕೇಳಿಸಿದ ಹಾಗಿರಲಿಲ್ಲ.

"ಗೊತ್ತಿಲ್ಲಮ್ಮ," ಅಂದೆ. ನಾನು ಹಾಗೆ ಅಂದದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕೇಳಿಲ್ಲ. "ಕೇಳಿ ಏಳ್ತೀನಿ, ಇರಿ," ಅಂತ ಫೋನು ಹಿಡಿದುಕೊಂಡೇ ಬೀದಿ ದಾಟಿದೆ.