ಕಂಪೌಂಡರ್ ಬುಡ್ಡೇಸಾಬರು ಬರೆಸಿದ ಹಚ್ಚೆ

ಮುಳಗುಂದದ ಬುಡ್ಡೇಸಾಬರು ನಲವತ್ತು ವರ್ಷ ಕಂಪೌಂಡರಾಗಿದ್ದವರು. ಊರಿನಲ್ಲಿ ಐವತ್ತು ದಾಟಿದ ಯಾರನ್ನಾದರೂ ನಿಲ್ಲಿಸಿ ಕೇಳಿ, ಅವರ ಕೈಯಿಂದ ಒಂದು ಸೂಜಿಯನ್ನೂ ಮಾಡಿಸಿಕೊಳ್ಳದ ಮನುಷ್ಯ ಸಿಕ್ಕುವುದು ಕಷ್ಟ. ಕೈಗುಣ ಎಂಬ ಮಾತನ್ನು ಬೇರೆ ಊರುಗಳಲ್ಲಿ ಡಾಕ್ಟರಿಗೆ ಹೇಳುತ್ತಾರೆ. ಮುಳಗುಂದದಲ್ಲಿ ಅದು ಕಂಪೌಂಡರಿಗೆ ಸಂದುಬಿಟ್ಟಿತ್ತು. ಡಾಕ್ಟರು ಚೀಟಿ ಬರೆದು ಮುಗಿಸುವುದರೊಳಗೆ ಜನ, "ಸೂಜಿ ಕಂಪೌಂಡರಣ್ಣನ ಮಾಡತಾನಲ್ರಿ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಡಾಕ್ಟರುಗಳು ಎಂಟು ಜನ ಬಂದು ಹೋದರು, ಬುಡ್ಡೇಸಾಬರು ಇದ್ದಲ್ಲೇ ಇದ್ದರು.

ಇಂಥವರ ಕೈಯಲ್ಲಿ ಒಂದೇ ಒಂದು ಸೂಜಿ ಕೆಟ್ಟಿತು. ಅದರ ಗುರುತು ಸಕ್ರಪ್ಪನ ಹೆಂಡತಿ ಸುಮಿತ್ರವ್ವನ ಎಡ ಮುಂಗೈ ಮೇಲೆ ಇವತ್ತಿಗೂ ಹಸಿರು ಅಕ್ಷರಗಳಲ್ಲಿ ಇದೆ.

ಸಾವಿರದ ಒಂಬೈನೂರಾ ಎಂಬತ್ತೇಳನೆಯ ಇಸವಿಯ ಮಾತು. ಸುಮಿತ್ರವ್ವ ಆಗಿನ್ನೂ ಹೊಸ ಸೊಸೆ. ಹೊಲದಲ್ಲಿ ಹತ್ತಿಕಟ್ಟಿಗೆಯ ಕೂಳೆ ಅಂಗಾಲಿಗೆ ಚುಚ್ಚಿ, ಕಾಲು ಮೊಣಕಾಲಿನ ತನಕ ಕೆಂಪಗಾಗಿ, ಜ್ವರ ಬಂದಿತ್ತು. ಡಾಕ್ಟರು ಪ್ರೊಕೇನ್ ಪೆನ್ಸಿಲಿನ್ ಬರೆದುಕೊಟ್ಟು ಗದಗಿನ ಮೀಟಿಂಗಿಗೆ ಹೋದರು. ಪುಡಿಯ ಬಾಟಲಿಗೆ ನೀರು ಹಾಕಿ ಅಲುಗಾಡಿಸಿದರೆ ಹಾಲಿನಂತೆ ಬೆಳ್ಳಗಾಗುವ ಸೂಜಿ ಅದು. ಬುಡ್ಡೇಸಾಬರು ಪದ್ಧತಿ ಪ್ರಕಾರ ಮೊದಲು ಮುಂಗೈ ಚರ್ಮಕ್ಕೆ ಒಂದು ಹನಿ ಚುಚ್ಚಿ ಅರ್ಧ ತಾಸು ಕಾದರು. ಕೆಂಪಾಗಲಿಲ್ಲ, ಉಬ್ಬಲಿಲ್ಲ. ಆಮೇಲೆ ಸೊಂಟಕ್ಕೆ ಪೂರಾ ಸೂಜಿ ಮಾಡಿದರು. ಹೊರಗೆ ಸಾಲಿನಲ್ಲಿ ನಲವತ್ತು ಜನ ಕುಳಿತಿದ್ದರು.

ಸೂಜಿ ಹೊರಗೆ ತೆಗೆದಿದ್ದರೋ ಇಲ್ಲವೋ, ಸುಮಿತ್ರವ್ವ "ನಾ ಸತ್ತೆ, ನಾ ಸತ್ತೆ" ಎಂದು ಕೂಗಿ ಮೇಜಿನಿಂದ ಜಿಗಿದು ಅಂಗಳಕ್ಕೆ ಓಡಿದಳು. ಕಿವಿಯಲ್ಲಿ ಗಿರಣಿ ತಿರುಗುತ್ತಿದೆ ಎಂದಳು, ಗೋಡೆ ಮೈಮೇಲೆ ಬೀಳುತ್ತಿದೆ ಎಂದಳು, ಎದುರಿಗಿದ್ದ ಅತ್ತೆಯನ್ನು ಗುರುತು ಹಿಡಿಯಲಿಲ್ಲ. ಕಾಲು ತಾಸಿಗೆ ಎಲ್ಲ ಇಳಿದು, ಚಹಾ ಕುಡಿದು, ಗಂಡನ ಸೈಕಲ್ ಹಿಂದೆ ಕುಳಿತು ಮನೆಗೆ ಹೋದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗೆ ಬುಡ್ಡೇಸಾಬರು ವರ್ಷಗಟ್ಟಲೆ ಕೂಡಿಸಿದ ಧೈರ್ಯ ಒಂದು ನಿಮಿಷಕ್ಕೆ ಒಡೆಯಿತು. ಡಾಕ್ಟರು ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: "ಪೆನ್ಸಿಲಿನ್ ಆಕಿಗೆ ಆಗಂಗಿಲ್ರಿ ಸಾಹೇಬ್ರ." ಡಾಕ್ಟರು ಅದನ್ನೇ ಚೀಟಿಯಲ್ಲಿ ಬರೆದುಕೊಟ್ಟರು.

ಆ ಚೀಟಿಯಿಂದ ಅತ್ತೆ ಒಲೆ ಹೊತ್ತಿಸಿದಳು. ಎರಡನೆಯದು ಬರೆಸಿದರು, ಅದು ಸೀರೆಯ ಸೆರಗಿನ ಗಂಟಿನಲ್ಲೇ ಉಳಿದು ಹಳ್ಳದ ನೀರಿನಲ್ಲಿ ಮುದ್ದೆಯಾಯಿತು. ಓದು ಬಾರದ ಹುಡುಗಿ, ನಾಳೆ ತವರೂರು ಡೋಣಿಗೆ ಹೋದಾಗ ಯಾವನೋ ಗೊತ್ತಿಲ್ಲದೆ ಅದೇ ಸೂಜಿ ಮಾಡಿದರೆ? ಬುಡ್ಡೇಸಾಬರಿಗೆ ಊಟ ರುಚಿಸಲಿಲ್ಲ. ಕೊನೆಗೆ ಹಚ್ಚೆ ಹಾಕುವ ಮುತ್ತವ್ವ ಸಂತೆಗೆ ಬಂದ ದಿನ ಅವರೇ ಸುಮಿತ್ರವ್ವನ ಮುಂಗೈ ಮೇಲೆ ಬಾಲ್‌ಪೆನ್ನಿನಿಂದ ದುಂಡಗೆ ಬರೆದರು: ಪೆನ್ಸಿಲಿನ್ ಬ್ಯಾಡ. ಅಕ್ಷರ ಗೊತ್ತಿಲ್ಲದ ಮುತ್ತವ್ವ ಅದರ ಮೇಲೆಯೇ ಸೂಜಿ ಆಡಿಸಿದಳು. "ನನ್ನ ಹೆಸರ ಇರೂ ಜಾಗಾದಾಗ ಔಷಧದ ಹೆಸರ ಬಂತಲ್ಲಪಾ" ಎಂದು ಸಕ್ರಪ್ಪ ಗೊಣಗಿದ. ಅತ್ತೆಗೆ ಮಾತ್ರ ಸಮಾಧಾನ. ಮೈಮೇಲಿನ ಬಂಗಾರವನ್ನೆಲ್ಲ ಇಲ್ಲೇ ಬಿಚ್ಚಿಕೊಳ್ಳುತ್ತಾರೆ, ಸತ್ತ ಮೇಲೆ ಸಂಗಡ ಬರುವುದು ಹಚ್ಚೆ ಒಂದೇ ಎಂದು ಆಕೆ ನಂಬಿದ್ದಳು.

ಹಚ್ಚೆ ತನ್ನ ಕೆಲಸ ಮಾಡಿತು. ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ. ಆಮೇಲೆ ನೋಡಿದ ಡಾಕ್ಟರುಗಳೆಲ್ಲ ಅದನ್ನು ಓದಿದರು, ತಲೆ ಆಡಿಸಿದರು, ಬೇರೆ ಔಷಧ ಬರೆದರು. ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ. ಮಗ ಅಪ್ಪು ಹುಟ್ಟಿದಾಗ ಬಾಣಂತಿಗೆ ಜ್ವರ ಏರಿತು. ಪೆನ್ಸಿಲಿನ್ ಜಾತಿಯದು ಕೊಡುವ ಹಾಗಿರಲಿಲ್ಲ. ಬೇರೊಂದು ಸೂಜಿ ಮೂರು ವಾರ ನಡೆಯಿತು. ಜ್ವರ ಹೋಯಿತು, ಅದರ ಜೊತೆ ಕಿವಿಯೂ ಹೋಯಿತು. ಎಡಗಿವಿ ಅರ್ಧ ಉಳಿಯಿತು, ಬಲಗಿವಿ ಪೂರ್ತಿ ಕಲ್ಲಾಯಿತು. ಆಗ ನೋಡಲು ಹೋಗಿದ್ದ ಬುಡ್ಡೇಸಾಬರು, "ಜೀವ ಉಳೀತಲ್ಲವ್ವ, ಕಿವಿ ಹೋದ್ರ ಹೋಗವಲ್ದ್ಯಾಕ" ಎಂದಿದ್ದರು. ಆ ಮಾತನ್ನು ಸುಮಿತ್ರವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು, ಕಂಪೌಂಡರಣ್ಣ ನನ್ನ ಜೀವ ಉಳಿಸಿದ ಎಂದು.

ಬರಬರುತ್ತ ಅದು ಮನೆತನದ ಕಟ್ಟಳೆಯೇ ಆಯಿತು. ಕೆಲವು ಮನೆತನಗಳಿಗೆ ಹಪ್ಪಳ ಆಗಿಬರುವುದಿಲ್ಲ, ಕೆಲವರಿಗೆ ಕರಿ ಸೀರೆ ಆಗಿಬರುವುದಿಲ್ಲ, ಇವರಿಗೆ ಪೆನ್ಸಿಲಿನ್. ಮೊಮ್ಮಗಳು ಅಂಕಿತಾಗೆ ಕಿವಿ ಸೋರಿದಾಗ ಕೊಟ್ಟ, ನೀರು ಕಲಸುವ ಪೆನ್ಸಿಲಿನ್ ಜಾತಿಯ ಔಷಧದ ಬಾಟಲಿಯನ್ನು ಸುಮಿತ್ರವ್ವ ತಿಪ್ಪೆಗೆ ಚೆಲ್ಲಿ ಬಂದಳು. ಬುಡ್ಡೇಸಾಬರಿಗೆ ಇದು ಗೊತ್ತಿತ್ತು. ಹೆಚ್ಚು ಅಂಜಿದರೆ ಯಾರಿಗೇನು ನಷ್ಟ ಎಂದುಕೊಂಡು ಸುಮ್ಮನಿದ್ದರು.

ಈ ವರ್ಷ ಯುಗಾದಿ ಮುಗಿದ ಮೇಲೆ ಅಪ್ಪು ಗದಗಿನಿಂದ ಫೋನು ಮಾಡಿದ. ಅವ್ವನಿಗೆ ಹೃದಯದ ಕವಾಟಕ್ಕೆ ನಂಜು ಹತ್ತಿದೆ, ಹತ್ತು ದಿನದಿಂದ ದವಾಖಾನೆಯಲ್ಲಿದ್ದಾಳೆ, ಹಾಕುತ್ತಿರುವ ಔಷಧದಿಂದ ಮೂತ್ರಪಿಂಡ ಸೋಲುತ್ತಿದೆ. "ಪೆನ್ಸಿಲಿನ್ ಕೊಡಾಕ ಬರತೈತೋ ಇಲ್ಲೋ ಅಂತ ಡಾಕ್ಟರು ಕೇಳಾಕತ್ತಾರ ಕಾಕಾ. ಸೂಜಿ ಮಾಡಿದವ್ರನ್ನ ಕರಸ್ರಿ ಅಂದಾರ."

ಬಸ್ಸಿನಲ್ಲಿ ಬುಡ್ಡೇಸಾಬರಿಗೆ ಒಂದೇ ಯೋಚನೆ. ಹಚ್ಚೆಯಲ್ಲಿ ಬರೆದ ಮೇಲೆ ಕೇಳುವುದೇನು ಉಳಿದಿದೆ?

ಡಾಕ್ಟರ್ ಶಿವರಂಜನಿ ಬುಡ್ಡೇಸಾಬರ ಮೊಮ್ಮಗಳ ವಯಸ್ಸಿನ ಹುಡುಗಿ. ಕುರ್ಚಿ ಕೊಟ್ಟು ಕೂಡಿಸಿ ಒಂದೊಂದಾಗಿ ಕೇಳಿದಳು. "ಅಜ್ಜಾರ, ಅವತ್ತ ಮೈಮ್ಯಾಲ ತುರಿಸೂ ಗಂಧೆ ಎದ್ದಿದ್ವ್ಯಾ?"

"ಇಲ್ರಿ."

"ತುಟಿ, ಮಾರಿ ಬಾತಿದ್ವ್ಯಾ? ಉಸಿರು ಕಟ್ಟಿತ್ತ್ಯಾ?"

"ಇಲ್ರಿ ಬಾಯಾರ. ಉಸಿರ ಕಟ್ಟಿದಾಕಿ ಅಷ್ಟ ಜೋರ ಹೆಂಗ ಓಡತಾಳ್ರಿ?" ಅಂದರು. ಅಂದ ಮೇಲೆ ಅವರಿಗೇ ಆ ಮಾತು ವಿಚಿತ್ರವಾಗಿ ಕೇಳಿಸಿತು. ಮೂವತ್ತೆಂಟು ವರ್ಷ ಈ ಪ್ರಶ್ನೆಯನ್ನು ತಾವೇ ಕೇಳಿಕೊಂಡಿರಲಿಲ್ಲ.

ಶಿವರಂಜನಿ ಕಾಗದದ ಮೇಲೆ ನಾಲ್ಕು ಮೂಲೆಯ ಸಣ್ಣ ಚೌಕ ಬರೆದು ತೋರಿಸಿದಳು. "ಪೆನ್ಸಿಲಿನ್ ಒಳಗ ಹಿಂಥಾದ್ದೊಂದು ಉಂಗುರ ಐತ್ರಿ. ಹಸಿ ಕಡ್ಡಿ ಮಣಿಸಿ ಕಟ್ಟಿದಂಗ ಬಿಗಿಯಾಗಿರತೈತಿ, ಯಾವಾಗ ಬಿಚ್ಚೇನೋ ಅಂತಿರತೈತಿ. ನಂಜಿನ ಹುಳ ತನ್ನ ಸುತ್ತ ಗ್ವಾಡಿ ಕಟ್ಟಕೊಂತೈತಿ. ಕಟ್ಟೂ ಕೈ ಇದನ್ನ ಇಟ್ಟಂಗಿ ಅಂತ ತಿಳದು ಹಿಡೀತೈತಿ. ಹಿಡದ ಕೂಡಲೇ ಉಂಗುರ ಬಿಚ್ಚಿ ಆ ಕೈಗೇ ಅಂಟತೈತಿ, ಬಿಡಂಗಿಲ್ಲ. ಗ್ವಾಡಿ ಇಲ್ದ ಹುಳ ಒಡದು ಸಾಯತೈತಿ."

"ನೀರ ಬಿದ್ದಮ್ಯಾಲ ಬಾಟ್ಲಿ ಇಡಬ್ಯಾಡ ಅಂತಿದ್ರು ನಮ್ಮ ದೊಡ್ಡ ಡಾಕ್ಟರು," ಎಂದರು ಬುಡ್ಡೇಸಾಬರು.

"ಅದಕ್ಕರಿ. ನೀರಿನ್ಯಾಗೂ ಆ ಉಂಗುರ ಹಗೂರಕ ಬಿಚ್ಚತೈತಿ, ಬಿಚ್ಚಿದ್ದಕ್ಕ ಕಸುವಿಲ್ಲ. ಇನ್ನ ಕೆಲವರ ಮೈಯಾಗ ಅದು ಬಿಚ್ಚಿ ನಮ್ಮ ರಕ್ತಕ್ಕ ಅಂಟತೈತಿ. ಮೈ ಅದನ್ನ ವೈರಿ ಅಂತ ತಿಳದು ಎದ್ದು ನಿಂದ್ರತೈತಿ. ಗಂಧೆ, ಬಾವು, ಉಸಿರುಕಟ್ಟೂದು ಅದರಿಂದ. ನೀವು ಹೇಳಿದ್ರಾಗ ಅದು ಒಂದೂ ಇಲ್ಲ."

"ಹಂಗಾದ್ರ ಆಕೀಗ ಬಂದದ್ದು ಏನ್ರಿ?"

ಹುಡುಗಿ ಹೇಳಿದಳು. "ಆ ಬಿಳೀ ಸೂಜಿಯೊಳಗ ಪೆನ್ಸಿಲಿನ್ ಜೋಡಿ ಪ್ರೊಕೇನ್ ಅಂತ ನೋವು ತಡಿಯೂ ಔಷಧ ಇರತೈತ್ರಿ, ಸಣ್ಣ ಸಕ್ಕರಿ ಹಳಕಿನಂಗ. ಮಾಂಸದಾಗ ಕುಂತ್ರ ಏನಿಲ್ಲ. ಸೂಜಿ ಮೊನಿ ಯಾವುದೋ ರಕ್ತದ ನರದಾಗ ಇದ್ದು, ಔಷಧ ಅದರಾಗ ಹೋದ್ರ, ಒಮ್ಮೆಲೇ ತಲಿಗೆ ಏರತೈತಿ. ನಾ ಸತ್ತೆ ಅಂತ ಚೀರತಾರ, ಓಡತಾರ. ಕಾಲ ತಾಸಿಗೆ ಇಳೀತೈತಿ. ಅಜ್ಜಾರ, ಔಷಧ ಒತ್ತೂ ಮುಂಚೆ ಒಂದ್ಸಲ ಹಿಂದಕ್ಕ ಎಳದು ರಕ್ತ ಬರತೈತೇನು ಅಂತ ನೋಡಿದ್ರ್ಯಾ?"

ಬುಡ್ಡೇಸಾಬರು ತಮ್ಮ ಬಲಗೈಯನ್ನು ನೋಡಿಕೊಂಡರು. ಎಳೆ, ನೋಡು, ಆಮೇಲೆ ಒತ್ತು ಎಂದು ಅವರು ಎಷ್ಟೋ ಜನರಿಗೆ ಕಲಿಸಿದ್ದರು. ಅವತ್ತು ಎಳೆದಿದ್ದರೇ? ಕಣ್ಣು ಮುಚ್ಚಿದರೆ ಗಾಜಿನ ಸಿರಿಂಜಿನಲ್ಲಿ ಹಾಲಿನಂಥ ಔಷಧ, ಅದರ ತಳದಲ್ಲಿ ನೂಲಿನಷ್ಟು ಕೆಂಪು ಕಾಣುತ್ತದೆ. ಮತ್ತೆ ಮುಚ್ಚಿದರೆ ಬರೀ ಬಿಳಿ. ಎರಡೂ ಅಷ್ಟೇ ಸ್ಪಷ್ಟ. ಯಾವುದು ಕಂಡದ್ದು, ಯಾವುದು ಆಮೇಲೆ ಅಂಜಿಕೆ ಬರೆದದ್ದು? ಕೆಂಪು ಕಂಡೂ, ಹೊರಗಿನ ಸಾಲು ನೆನೆದು ಒತ್ತಿಬಿಟ್ಟೆನೇ? ಅಥವಾ ಎಳೆಯಲೇ ಇಲ್ಲವೇ? ತಮ್ಮ ಕೈ ತಮಗೇ ಸಾಕ್ಷಿ ಹೇಳದೆ ಹೋದದ್ದು ಅವರನ್ನು ಗಾಬರಿಗೊಳಿಸಿತು.

"ಗೊತ್ತಿಲ್ರಿ ಬಾಯಾರ," ಎಂದರು. ಡಾಕ್ಟರೊಬ್ಬರ ಎದುರಿಗೆ ಅವರು ಈ ಮಾತು ಹೇಳಿದ್ದು ಅದೇ ಮೊದಲು.

"ಅಡ್ಡಿ ಇಲ್ರಿ. ನೀವು ಗಂಧೆ ಇರಲಿಲ್ಲ ಅಂದದ್ದ ನನಗ ಬೇಕಾಗಿತ್ತು." ಶಿವರಂಜನಿ ಎದ್ದಳು. ಮೊದಲು ಚರ್ಮಕ್ಕೆ ಒಂದು ಹನಿ, ಆಮೇಲೆ ನರಕ್ಕೆ ಚೂರು, ಎಲ್ಲ ಸರಿ ಇದ್ದರೆ ಪೂರ್ತಿ ಎಂದು ನರ್ಸಿಗೆ ಹೇಳತೊಡಗಿದಳು.

ಬುಡ್ಡೇಸಾಬರು ದಡಬಡಿಸಿ ಎದ್ದು ನಿಂತರು. "ತಡೀರಿ ಬಾಯಾರ. ನರದಾಗ ಹೋಗಿದ್ದಕ್ಕ ಹಂಗಾತು ಅಂತ ಈಗ ಹೇಳಿದ್ರಿ. ಈಗ ನೀವ ನರಕ್ಕ ಹಾಕಾಕ ಹೊಂಟೀರಿ?"

"ಇದು ಬ್ಯಾರೆರಿ. ಪೆನ್ಸಿಲಿನ್ ಅದ, ಜೋಡಿಗೆ ಪ್ರೊಕೇನ್ ಇಲ್ಲ. ಕಲಸಿದ್ರ ನೀರಿನಂಗ ತಿಳಿಯಾಗತೈತಿ, ನರಕ್ಕ ನಡೀತೈತಿ."

ತಪ್ಪು ಪೆನ್ಸಿಲಿನ್‌ದಲ್ಲ, ಅದರ ಜೋಡಿಯದು. ಜೋಡಿಯದೂ ಅಲ್ಲ, ಸೂಜಿಯ ಮೊನೆಯದು. ಹಾಗಾದರೆ ಸೂಜಿ ಹಿಡಿದ ಕೈಯದೇ? ತಿಳಿದಷ್ಟೂ ಅವರ ತಲೆ ಕಲಕುತ್ತ ಹೋಯಿತು. ಆ ಹುಡುಗಿ ಹೇಳುವುದೇ ತಪ್ಪಾಗಿರಲಿ ಎಂದು ಒಂದು ಕ್ಷಣ ಅನ್ನಿಸಿತು. ಹಾಗೆಂದರೆ ಸುಮಿತ್ರವ್ವನಿಗೆ ಅಪಾಯವಾಗಲಿ ಎಂದು ಬಯಸಿದ ಹಾಗೆ ಎಂದು ಹೊಳೆದು, "ತೌಬಾ" ಎಂದು ಕೆನ್ನೆ ಬಡಿದುಕೊಂಡರು.

ಸುಮಿತ್ರವ್ವ ಮಂಚದ ಮೇಲೆ ಸೊರಗಿ ಮಲಗಿದ್ದಳು. ಇವರನ್ನು ನೋಡಿ ಮುಖ ಅರಳಿತು. "ಕಂಪೌಂಡರಣ್ಣ ಬಂದನಲ್ಲ, ಇನ್ನ ಅಂಜಿಕಿಲ್ಲ," ಎಂದಳು. ಪೆನ್ಸಿಲಿನ್ ಎಂದು ಕೇಳಿದ ಕೂಡಲೇ ಮುಂಗೈಯನ್ನು ಎದೆಗೆ ಅವುಚಿಕೊಂಡಳು. "ನೀವ ಬ್ಯಾಡ ಅಂತ ಬರಸೀರಿ. ಈಗ ಮಾಡಸ್ಕೊಳ್ಳಲೇನು, ನೀವ ಹೇಳ್ರಿ."

ಎಲ್ಲರೂ ಬುಡ್ಡೇಸಾಬರ ಕಡೆ ನೋಡಿದರು. "ಮಾಡಸ್ಕೊ ತಂಗಿ," ಎಂದರು. ತಮ್ಮ ದನಿ ಅವರಿಗೇ ಬೇರೆಯವರದು ಅನ್ನಿಸಿತು.

ಚರ್ಮದ ಹನಿ ಕೆಂಪಾಗಲಿಲ್ಲ. ನರಕ್ಕೆ ಚೂರು ಕೊಟ್ಟು ಅರ್ಧ ತಾಸು ಕಾದರು. ಅಪಾಯವಾದರೆ ಕೊಡುವ ಔಷಧಗಳ ತಟ್ಟೆ ಪಕ್ಕದಲ್ಲೇ ಇತ್ತು. ಬುಡ್ಡೇಸಾಬರು ಆಕೆಯ ತುಟಿ, ರೆಪ್ಪೆ, ಕುತ್ತಿಗೆಯನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತ ಕುಳಿತರು. ಏನೂ ಆಗಲಿಲ್ಲ. ಶಿವರಂಜನಿ ಪೂರ್ತಿ ಔಷಧ ಹಚ್ಚಿಸಿ, ದಿನಕ್ಕೆ ಆರು ಸಲದಂತೆ ನಾಲ್ಕು ವಾರ ಎಂದು ಬರೆದು ಹೋದಳು. ಅಪ್ಪು ಚಹಾ ತರಲು ಹೋದ. ತಿಳಿನೀರಿನಂಥ ಹನಿ ಒಂದೊಂದಾಗಿ ಇಳಿಯತೊಡಗಿತು. ನಳಿಕೆ ಚುಚ್ಚಿದ್ದು ಅದೇ ಎಡಗೈಗೆ, ಹಸಿರು ಅಕ್ಷರಗಳ ಕೆಳಗೆ.

ಬುಡ್ಡೇಸಾಬರು ತಲೆ ತಗ್ಗಿಸಿ ಹೇಳಿದರು. "ತಂಗಿ, ಔಷಧದ್ದು ತಪ್ಪಿರಲಿಲ್ಲ. ನನ್ನ ಸೂಜಿ ನರಕ್ಕ ಹತ್ತಿತ್ತು ಕಾಣತೈತಿ. ರಕ್ತ ನೋಡಿದ್ನೋ ಇಲ್ಲೋ, ಅದೂ ನೆನಪಿಲ್ಲ. ನಾ ಬರಸಿದ್ದು ಸುಳ್ಳ ಆತು. ಅದನ್ನ ನಂಬಿ ಬಾಣಂತಿದ್ದಾಗ ಬ್ಯಾರೆ ಸೂಜಿ ಮಾಡಿದ್ರು, ನಿನ್ನ ಕಿವಿ ನನ್ನಿಂದ ಹೋತು."

ಸುಮಿತ್ರವ್ವ ಬಾಟಲಿಯನ್ನೇ ನೋಡುತ್ತಿದ್ದಳು. ಅವರು ಕುಳಿತದ್ದು ಆಕೆಯ ಬಲಕ್ಕೆ, ಕಲ್ಲಾದ ಕಿವಿಯ ಕಡೆಗೆ.

ಎದ್ದು ಹೋಗಿಬಿಡಬಹುದಿತ್ತು. ಹೇಳಿದ್ದಂತೂ ಹೇಳಿಯಾಗಿತ್ತು, ದೇವರು ಕೇಳಿಸಿಕೊಂಡಿದ್ದ. ಬುಡ್ಡೇಸಾಬರು ಬಾಗಿಲ ತನಕ ನಡೆದರು ಕೂಡ. ಅಲ್ಲಿ ನಿಂತರು. ಆಮೇಲೆ ಸ್ಟೂಲು ಎತ್ತಿಕೊಂಡು ಮಂಚ ಬಳಸಿ ಬಂದು ಎಡಕ್ಕೆ ಕುಳಿತು, ಬಗ್ಗಿ, ಅದನ್ನೇ ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದರು. ಈ ಸಲ ಹೇಳುವುದು ಬಹಳ ಕಷ್ಟವಾಯಿತು.

ಸುಮಿತ್ರವ್ವ ಬಲಗೈ ಎತ್ತಿ ಬಲಗಿವಿ ಮುಟ್ಟಿಕೊಂಡಳು. "ಅಪ್ಪು ಸಣ್ಣಾವಿದ್ದಾಗ ರಾತ್ರಿ ಅತ್ರ ನನಗ ಕೇಳತಿರಲಿಲ್ಲ. ನಮ್ಮತ್ತಿ ಎಬ್ಬಸ್ತಿದ್ಲು," ಎಂದಳು. ಸಿಟ್ಟೋ ಸಂಕಟವೋ ಆ ದನಿಯಿಂದ ತಿಳಿಯಲಿಲ್ಲ. ಬುಡ್ಡೇಸಾಬರ ಕಣ್ಣಿನಿಂದ ನೀರು ಇಳಿದು ಗಡ್ಡ ಸೇರಿತು, ಒರೆಸಿಕೊಳ್ಳಲಿಲ್ಲ.

"ಮುತ್ತವ್ವ ಅದಾಳೇನು?"

"ಹೋಗಿ ಹತ್ತ ವರ್ಷ ಆತವ್ವ."

"ಹಂಗಾದ್ರ ಇದನ್ನ ಅಳಸಾವ್ರಿಲ್ಲ." ಆಕೆ ಹಚ್ಚೆಯನ್ನು ನೋಡಿದಳು. "ಮ್ಯಾಲ ಹೋಗೂವಾಗ ಇದೊಂದ ಸಂಗಾಟ ಬರತೈತಿ ಅಂತಿದ್ಲು ನಮ್ಮತ್ತಿ. ಅಲ್ಲಿ ಏನಿದು ಅಂತ ಕೇಳಿದ್ರ ಏನ್ ಹೇಳ್ಲಿ ಅಣ್ಣಾ?"

ಬುಡ್ಡೇಸಾಬರು ಇಳಿಯುತ್ತಿದ್ದ ಹನಿಗಳನ್ನು ನೋಡಿದರು. ಹನಿ ನಿಂತಿರಲಿಲ್ಲ, ಸುಮಿತ್ರವ್ವನ ಉಸಿರು ಸಮವಾಗಿತ್ತು.

"ನನ್ನ ಹೆಸರ ಹೇಳವ್ವ," ಎಂದರು. "ನಾ ಮೊದಲ ಹೋಗಿರತೀನಿ. ನನ್ನ ಕೇಳ್ರಿ ಅನ್ನು."